ಕತ್ತರಿ ಹಿಡಿದು ಓದಿದ ಕೈಪಿಡಿ: ಜಿಡಿಬಿಯ ಪೈಥಾನ್ ಬ್ರೇಕ್‌ಪಾಯಿಂಟ್ ಪುಟಗಳು, ಆರು ವರ್ಷದ ಬಳಕೆಯ ಮೇಲೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. ಅದರಲ್ಲಿ ಜಿಡಿಬಿ ಎಂಬ ಡೀಬಗರ್‌ನ, ಅಂದರೆ ಪ್ರೋಗ್ರಾಂ ಒಳಗಿನ ತಪ್ಪು ಹುಡುಕುವ ಟೂಲ್‌ನ, ಕೈಪಿಡಿಯ ಹನ್ನೊಂದು ಹಾಳೆಗಳಿವೆ. ಒಂದೂ ಮೊದಲಿದ್ದ ಹಾಗಿಲ್ಲ. ಎಲ್ಲವನ್ನೂ ಕತ್ತರಿಸಿ ಬೇರೆ ಕ್ರಮದಲ್ಲಿ ಅಂಟಿಸಿದ್ದೇನೆ. ಪುಕ್ಕಟೆ ಸಿಗುವ ಕೈಪಿಡಿಗೆ ಝೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು, ಮೇಲೆ ಗೋಂದಿನ ಖರ್ಚು ಬೇರೆ.

ನನ್ನ ಕೆಲಸ ಸಣ್ಣ ಬೋರ್ಡ್‌ಗಳ ಮೇಲೆ ಓಡುವ ಸಿ ಕೋಡ್. ಜಿಡಿಬಿ ಬೆಳಗಿನ ಕಾಫಿಯ ಹಾಗೆ, ದಿನಾ ಬೇಕು. ಅದನ್ನು ಪೈಥಾನ್ ಭಾಷೆಯಲ್ಲಿ ಬರೆದ ಸಾಲುಗಳಿಂದ ನಡೆಸುವ ಸೌಲಭ್ಯ 2009ರಲ್ಲಿ, 7.0 ಆವೃತ್ತಿಯಲ್ಲೇ ಬಂದಿತ್ತು. ನಾನು ಮಾತ್ರ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದೇ ಮೆಮೊರಿ ವಿಳಾಸವನ್ನು ಎರಡು ಸಲ ಫ್ರೀ ಮಾಡುವ, ಅಂದರೆ ಬಿಟ್ಟುಕೊಟ್ಟದ್ದನ್ನೇ ಮತ್ತೆ ಬಿಟ್ಟುಕೊಡುವ ಬಗ್ ಒಂದು ಗಂಟುಬಿತ್ತು. ಬೇರೆ ಟೂಲ್ ಓಡಿಸುವಷ್ಟು ಮೆಮೊರಿ ಆ ಬೋರ್ಡ್‌ನಲ್ಲಿ ಇರಲಿಲ್ಲ. ಫ್ರೀ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಬಂದು ನಿಲ್ಲುವ ಗುರುತು) ಇಟ್ಟು, ಪ್ರತಿ ಸಲ ವಿಳಾಸ ಬರೆದುಕೊಂಡು ಮುಂದೆ ಬಿಡಬೇಕು. ಕೈಯಲ್ಲಿ ಆಗುವ ಕೆಲಸವಲ್ಲ.

ಪೈಥಾನ್‌ನಲ್ಲಿ ಇದು ಎಂಟು ಸಾಲು. ಬ್ರೇಕ್‌ಪಾಯಿಂಟ್ ಕ್ಲಾಸಿನಿಂದ ನಮ್ಮದೊಂದು ಕ್ಲಾಸ್ ಮಾಡಿಕೊಂಡು, ಅದರಲ್ಲಿ ಸ್ಟಾಪ್ ಎಂಬ ಮೆಥಡ್ (ಆ ಗುರುತಿಗೆ ಬಂದಾಗಲೆಲ್ಲ ಜಿಡಿಬಿ ಕರೆಯುವ ಫಂಕ್ಷನ್) ಬರೆದರೆ ಮುಗಿಯಿತು. ಟ್ರೂ ಕೊಟ್ಟರೆ ಪ್ರೋಗ್ರಾಂ ನಿಲ್ಲುತ್ತದೆ, ಫಾಲ್ಸ್ ಕೊಟ್ಟರೆ ಓಡುತ್ತದೆ. ಮೊದಲ ಸಲ ಅದು ಸುಮ್ನೆ ಓಡಿ, ಸರಿಯಾಗಿ ಎರಡನೇ ಫ್ರೀ ಹತ್ತಿರ ಬಂದು ನಿಂತಾಗ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಖುಷಿಯಲ್ಲಿ ಸ್ವಲ್ಪ ಜಾಸ್ತಿ ಆಟ ಆಡಿದೆ. ಕೆಲಸ ಮುಗಿದ ಮೇಲೆ ಬ್ರೇಕ್‌ಪಾಯಿಂಟ್ ತನ್ನನ್ನು ತಾನೇ ಅಳಿಸಿಕೊಳ್ಳಲಿ ಅಂತ ಸ್ಟಾಪ್ ಒಳಗೇ ಡಿಲೀಟ್ ಬರೆದೆ. ಜಿಡಿಬಿಯೇ ಬಿದ್ದುಹೋಯಿತು. ಬಗ್ ಹಿಡಿಯಲು ಕೂತವನು ಬಗ್ ಹಿಡಿಯುವ ಯಂತ್ರದ ಬಗ್ ಹುಡುಕುತ್ತಾ ಒಂದು ಸಂಜೆ ಕಳೆದೆ. ಕೊನೆಗೆ ನೋಡಿದರೆ ಕೈಪಿಡಿಯಲ್ಲೇ ಇದೆ. ಸ್ಟಾಪ್ ಒಳಗೆ ಪ್ರೋಗ್ರಾಂ ಅನ್ನು ಮುಂದೆ ಸರಿಸಬಾರದು, ಫ್ರೇಮ್ (ಈಗ ನೋಡುತ್ತಿರುವ ಫಂಕ್ಷನ್ ಕರೆ) ಬದಲಿಸಬಾರದು, ಯಾವ ಬ್ರೇಕ್‌ಪಾಯಿಂಟನ್ನೂ ಸೇರಿಸಬಾರದು, ತಿದ್ದಬಾರದು, ಅಳಿಸಬಾರದು. ತಪ್ಪು ನನ್ನದೇ, ಒಪ್ಪಿದೆ. ಆದರೆ ಅಷ್ಟು ದೊಡ್ಡ ಮಾತು ಒಂದು ಪ್ಯಾರಾದ ಮಧ್ಯೆ, ಉಳಿದ ಸಾಲುಗಳಷ್ಟೇ ಸಣ್ಣ ದನಿಯಲ್ಲಿ ಕೂತಿದೆ. ಡಿಲೀಟ್ ಮೆಥಡ್‌ನ ವಿವರಣೆ ಓದುತ್ತಿದ್ದವನಿಗೆ ಅದು ಕಾಣುವುದೇ ಇಲ್ಲ. ಅಲ್ಲೇ ಒಂದು ಸಾಲು ಹಾಕಬಹುದಿತ್ತು, ಅಲ್ವಾ?

ನನ್ನ ತಕರಾರು ಬರಹದ ಮೇಲಲ್ಲ, ಜೋಡಣೆಯ ಮೇಲೆ. ಒಂದೊಂದು ವಾಕ್ಯವೂ ಅಳೆದು ಬರೆದದ್ದು. ಹಿಟ್ ಕೌಂಟ್‌ಗೆ, ಅಂದರೆ ಬ್ರೇಕ್‌ಪಾಯಿಂಟ್ ಎಷ್ಟು ಸಲ ಹೊಡೆಯಿತು ಎಂಬ ಲೆಕ್ಕಕ್ಕೆ, ಬೆಲೆ ಕೊಡಬಹುದು, ಆದರೆ ಸೊನ್ನೆ ಮಾತ್ರ ಎನ್ನುವುದನ್ನೂ ಹೇಳುತ್ತಾರೆ. ತಾತ್ಕಾಲಿಕ ಬ್ರೇಕ್‌ಪಾಯಿಂಟ್ ಒಮ್ಮೆ ಹೊಡೆದ ಮೇಲೆ ಅದರ ಬಳಿ ಏನು ಕೇಳಿದರೂ ಎರರ್ ಬರುತ್ತದೆ, ಇನ್ನೂ ಬದುಕಿದೆಯಾ ಅಂತ ಮಾತ್ರ ಕೇಳಬಹುದು ಎನ್ನುವುದನ್ನೂ ಹೇಳುತ್ತಾರೆ. ಆದರೆ ಎಲ್ಲ ಬ್ರೇಕ್‌ಪಾಯಿಂಟ್‌ಗಳ ಪಟ್ಟಿ ಕೊಡುವ ಫಂಕ್ಷನ್ ಪೈಥಾನ್‌ನ ಮೊದಲ ಪುಟದಲ್ಲಿದೆ. ಬ್ರೇಕ್‌ಪಾಯಿಂಟ್ ಹುಟ್ಟಿದ, ಬದಲಾದ, ಅಳಿದ ಸುದ್ದಿ ತರುವ ಈವೆಂಟ್‌ಗಳು ಇನ್ನೊಂದು ಪುಟದಲ್ಲಿವೆ. ನಿಂತ ಮೇಲೆ ಓಡುವ ಕಮಾಂಡ್‌ಗಳನ್ನು ಪೈಥಾನ್‌ನಿಂದಲೇ ಕೊಡಬಹುದು. ಆದರೆ ಆ ಪಟ್ಟಿಯಲ್ಲಿ ಮುಂದೆ ಓಡಿಸುವ ಕಂಟಿನ್ಯೂ ಬಂದ ಮೇಲೆ ಉಳಿದ ಸಾಲುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುವ ಮಾತು ಎಲ್ಲೋ ಹಿಂದೆ, 5ನೇ ಅಧ್ಯಾಯದಲ್ಲಿದೆ. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟ ಹಾಗೆ. ನೋಡಲು ಚೆನ್ನ. ಒಗ್ಗರಣೆ ಹಾಕುವಾಗ ಸಾಸಿವೆ ಒಂದು ಮೂಲೆ, ಇಂಗು ಇನ್ನೊಂದು ಮೂಲೆ.

ಅದಕ್ಕೇ ಒಂದು ಭಾನುವಾರ ಕತ್ತರಿ ಹಿಡಿದು ನೆಲದ ಮೇಲೆ ಕೂತೆ. ಫ್ಯಾನ್ ಆರಿಸಿದೆ, ಇಲ್ಲದಿದ್ದರೆ ಚೂರುಗಳು ಹಾರುತ್ತವೆ. ಮೊದಲು ಬ್ರೇಕ್‌ಪಾಯಿಂಟ್ ಮಾಡುವುದು. ಆಮೇಲೆ ನಿಲ್ಲಬೇಕೋ ಬೇಡವೋ ತೀರ್ಮಾನಿಸುವುದು. ಆಮೇಲೆ ನಿಂತ ಮೇಲಿನ ಕೆಲಸ. ಕೊನೆಗೆ ಗುಡಿಸಿ ಸ್ವಚ್ಛ ಮಾಡುವುದು. ಬಳಸುವವನ ಕೈ ಹೋಗುವುದೇ ಈ ಕ್ರಮದಲ್ಲಿ. ಆ "ಮಾಡಬಾರದು" ಪ್ಯಾರಾವನ್ನು ಮೂರು ಪ್ರತಿ ಮಾಡಿ ಮೂರು ಕಡೆ ಅಂಟಿಸಿ, ಸುತ್ತ ಕೆಂಪು ಗೆರೆ ಎಳೆದೆ.

ಅಂಟಿಸುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಫಂಕ್ಷನ್ ವಾಪಸ್ ಬರುವಾಗ ಹಿಡಿಯಲು ಫಿನಿಶ್‌ಬ್ರೇಕ್‌ಪಾಯಿಂಟ್ ಎಂಬ ಬೇರೆ ಕ್ಲಾಸ್ ಇದೆ. ಮೆಮೊರಿ ಕೊಡುವ ಮ್ಯಾಲಾಕ್ ಫಂಕ್ಷನ್ ಏನು ಕೊಟ್ಟಿತು ಅಂತ ತಿಳಿಯಲು ಅದೇ ಬೇಕು. ಸರಿಯಾದ ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಆರಿಸಿಕೊಂಡು ಮಾಡಬೇಕು ಅಂತ ಪುಟದಲ್ಲಿದೆ. ಆದರೆ ಎಲ್ಲಿಂದ ಮಾಡಬೇಕು? ಎಲ್ಲರ ಕೈಯೂ ಮೊದಲು ಹೋಗುವುದು ಸ್ಟಾಪ್ ಒಳಗೇ. ಅಲ್ಲಿ ಹೊಸದನ್ನು ಸೇರಿಸಬಾರದು ಅಂತ ಪಕ್ಕದ ಪುಟ ಹೇಳುತ್ತದೆ. ಎರಡು ಚೂರನ್ನು ಅಕ್ಕಪಕ್ಕ ಇಟ್ಟಾಗಲೇ ಈ ಜಗಳ ಕಂಡಿದ್ದು. ಈಗ ನಾನು ಸ್ಟಾಪ್ ಬರೆಯದೆ ಪ್ರೋಗ್ರಾಂ ಅನ್ನು ನಿಜವಾಗಿ ನಿಲ್ಲಿಸುತ್ತೇನೆ. ಕಮಾಂಡ್ ಪಟ್ಟಿಯಲ್ಲಿ ಮೊದಲು ಸೈಲೆಂಟ್ (ನಿಂತ ಸುದ್ದಿ ಹೇಳಬೇಡ ಅಂತ), ಆಮೇಲೆ ಫಿನಿಶ್‌ಬ್ರೇಕ್‌ಪಾಯಿಂಟ್ ಮಾಡುವ ಸಾಲು, ಕೊನೆಗೆ ಕಂಟಿನ್ಯೂ. ನಿಧಾನ, ಆದರೆ ಬೀಳುವುದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಮೂರನೇ ವರ್ಷದವರೆಗೂ ಇದನ್ನು ಬ್ರೌಸರ್‌ನಲ್ಲೇ ಓದುತ್ತಿದ್ದೆ. ಒಂದು ದಿನ ಇಂಟರ್ನೆಟ್ ಇರಲಿಲ್ಲ. ಟರ್ಮಿನಲ್‌ನಲ್ಲೇ ಕೈಪಿಡಿ ಓದಿಸುವ ಇನ್ಫೋ ಪ್ರೋಗ್ರಾಂ ತೆರೆದೆ. ಐ ಒತ್ತಿ, ಮೆಥಡ್‌ನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ನೇರ ಆ ಸಾಲಿಗೇ ಹೋಗಿ ಕೂತಿತು. ಅಲ್ಪವಿರಾಮ ಒತ್ತಿದರೆ ಮುಂದಿನ ಜಾಗ. ಎಲ್ ಒತ್ತಿದರೆ ವಾಪಸ್. ಚೆಲ್ಲಾಪಿಲ್ಲಿ ಅಂದುಕೊಂಡಿದ್ದ ಪುಟಗಳ ಹಿಂದೆ ಯಾರೋ ಇಷ್ಟು ತಾಳ್ಮೆಯಿಂದ ಪದಸೂಚಿ ಕಟ್ಟಿದ್ದರು, ನಾನು ಅದನ್ನು ತೆರೆದೇ ನೋಡಿರಲಿಲ್ಲ. ಈಗ ಬೆಳಗ್ಗೆ ಬಿಲ್ಡ್ ಓಡುವಷ್ಟು ಹೊತ್ತು ಐ ಒತ್ತಿ ಏನೋ ಒಂದು ಪದ ಹಾಕಿ ಓದುವುದು ಅಭ್ಯಾಸವಾಗಿಬಿಟ್ಟಿದೆ. ಒಂದು ಎಚ್ಚರಿಕೆ: ಡೆಬಿಯನ್ ಲಿನಕ್ಸ್‌ನಲ್ಲಿ ಕೈಪಿಡಿ ಜಿಡಿಬಿ ಜೊತೆ ಬರುವುದಿಲ್ಲ, ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ದುಡ್ಡು ಕೊಟ್ಟು ಕೊಳ್ಳುವ ಡೀಬಗರ್ ಒಂದನ್ನು ಹಿಂದಿನ ಕೆಲಸದಲ್ಲಿ ಬಳಸಿದ್ದೆ. ಅದರ ಕೈಪಿಡಿ ನೋಡಲು ಚೆಂದ, ಬಣ್ಣ ಬಣ್ಣದ ಬಾಕ್ಸುಗಳು. ಲೈಸೆನ್ಸ್ ಮುಗಿದ ದಿನ ಅದೂ ಹೋಯಿತು. ನನ್ನ ಜೇಬಿಗೆ ಇದೇ ಸರಿ. ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಒಂದು ಸಂಜೆಗೆ.

ಹೊಸ ಆವೃತ್ತಿ ಬಂದಾಗ ಬದಲಾವಣೆಗಳ ಫೈಲ್ ತೆರೆದು, ಪೈಥಾನ್ ಭಾಗದಲ್ಲಿ ಬ್ರೇಕ್‌ಪಾಯಿಂಟ್ ಅಂತ ಬಂದಿದೆಯಾ ನೋಡುತ್ತೇನೆ. ಬಂದಿದ್ದರೆ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ನಾಲ್ಕನೇ ಹಾಳೆಯಲ್ಲಿ ಈಗ ಅಂಚೇ ಉಳಿದಿಲ್ಲ.