ಮಲೆನಾಡಿನ ಬೆಳಕಿನಲ್ಲಿ ಮೂರು ಉದ್ದ ಲೆನ್ಸ್‌ಗಳು: 150-600 ಎರಡು, 200-500 ಒಂದು

ನನ್ನ ಬಳಿ ಇರುವುದು ನಿಕಾನ್ ಡಿ7500 ಕ್ಯಾಮೆರಾ ಬಾಡಿ. ಅದಕ್ಕೆ ಹೊಂದುವ, ಹಕ್ಕಿಗಳ ಚಿತ್ರಕ್ಕೆ ಸಾಲುವಷ್ಟು ಉದ್ದವಿರುವ, ಅಡಿಕೆಯ ಆದಾಯದಲ್ಲಿ ಮನೆ ನಡೆಸುವವರ ಕೈಗೂ ಎಟುಕುವ ಜೂಮ್ ಲೆನ್ಸ್ ಹುಡುಕಿದರೆ ಕೊನೆಗೆ ಉಳಿಯುವುದು ಮೂರು: ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್ 150-600 ಜಿ2 ಮತ್ತು ನಿಕಾನ್‌ನದೇ 200-500 ಎಫ್/5.6. ಈ ಮೂರನ್ನೂ ಒಟ್ಟಿಗೆ ಕೊಂಡರೂ 600 ಎಂ.ಎಂ. ಎಫ್/4 ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಒಂದರ ಬೆಲೆಯ ಅರ್ಧದಷ್ಟೂ ಆಗುವುದಿಲ್ಲ. ಸಿಗ್ಮಾ ನನ್ನ ಭಾವನದು. ಟ್ಯಾಮ್ರಾನ್ ಶಿವಮೊಗ್ಗದಲ್ಲಿ ಬಾಡಿಗೆಗೆ ಸಿಕ್ಕಿತು. ನಿಕಾನ್ ಲೆನ್ಸನ್ನು ತೀರ್ಥಹಳ್ಳಿಯ ಗೆಳೆಯರೊಬ್ಬರು ನಂಬಿ ಕೊಟ್ಟರು. ಎರಡು ಮಳೆಗಾಲ ಮತ್ತು ನಡುವಿನ ಒಂದು ಬೇಸಿಗೆಯಲ್ಲಿ, ಒಂದೇ ಕ್ಯಾಮೆರಾಕ್ಕೆ ಇವನ್ನು ಸರದಿಯಂತೆ ಹಾಕಿ ನೋಡಿದ್ದರಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೆನ್ಸ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ‘ಎಷ್ಟು ಎಂ.ಎಂ.?’ ಎಂಬುದೇ ಆಗಿರುತ್ತದೆ; ಈ ಸಂಖ್ಯೆ (ಫೋಕಲ್ ಲೆಂಗ್ತ್) ಹೆಚ್ಚಾದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ. “ಭಾವ, ಹಕ್ಕಿ ನಮ್ಮ ಹತ್ರ ಬರೂದಿಲ್ಲ, 600 ಬೇಕೇ ಬೇಕು” ಎಂದು ಸಿಗ್ಮಾ ಕೈಗೆ ಕೊಡುವಾಗ ಭಾವ ಹೇಳಿದ್ದು ಆ ಲೆಕ್ಕದಲ್ಲಿಯೇ. ಡಿ7500ರ ಸೆನ್ಸರ್ ಚಿಕ್ಕದಾದ್ದರಿಂದ ನೋಟದ ಕೋನ ಒಂದೂವರೆ ಪಟ್ಟು ಕಿರಿದಾಗುತ್ತದೆ. ಹಾಗಾಗಿ 600 ಎಂಬುದು ಫುಲ್ ಫ್ರೇಮ್ ಕ್ಯಾಮೆರಾದ 900ಕ್ಕೆ, 500 ಎಂಬುದು 750ಕ್ಕೆ ಸಮ. ವ್ಯತ್ಯಾಸ ದೊಡ್ಡದೆಂದು ಕಾಣುತ್ತದೆ. ಆದರೆ 500ರಲ್ಲಿ ತೆಗೆದ ಚಿತ್ರವನ್ನು 600ರ ಚೌಕಟ್ಟಿಗೆ ಕ್ರಾಪ್ ಮಾಡಿದರೆ ಉದ್ದಗಲಗಳಲ್ಲಿ 1.2 ಪಟ್ಟು, ವಿಸ್ತೀರ್ಣದಲ್ಲಿ 1.44 ಪಟ್ಟು ಕಡಿಮೆಯಾಗುತ್ತದೆ, 20.9 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 14.5 ಉಳಿಯುತ್ತದೆ. ಗೋಡೆಗೆ ಹಾಕುವ ಪ್ರಿಂಟಿಗೂ ಅದು ಧಾರಾಳ. ಆದ್ದರಿಂದ ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಷ್ಟು ಕಿರಿದು ಮಾಡಿದ ಮೇಲೆ ಈ ಲೆನ್ಸ್‌ನ ಚಿತ್ರವನ್ನು ನಂಬಬಹುದು, ಮತ್ತು ಹಾಗೆ ಕಿರಿದು ಮಾಡುವಷ್ಟು ಬೆಳಕು ನಮ್ಮ ಕಾಡಿನಲ್ಲಿ ಇರುತ್ತದೆಯೇ?

ಮನೆಯಂಗಳದಲ್ಲಿ ಮೊದಲು ಒಂದು ಸರಳ ಪರೀಕ್ಷೆ ಮಾಡಿದೆ. ಅಡಿಕೆ ಮರದ ಬುಡಕ್ಕೆ ದಿನಪತ್ರಿಕೆಯ ಒಂದು ಪುಟವನ್ನು ಬಿಗಿಯಾಗಿ ಕಟ್ಟಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ, ಪ್ರತಿ ಲೆನ್ಸ್‌ನಲ್ಲಿಯೂ ಪ್ರತಿ ಅಪರ್ಚರ್‌ಗೆ ಹತ್ತು ಹತ್ತು ಚಿತ್ರ ತೆಗೆದೆ; ಪ್ರತಿ ಸಲವೂ ಫೋಕಸನ್ನು ಕೆಡಿಸಿ ಹೊಸದಾಗಿ ಹಿಡಿಸಿದೆ. ಸಿಗ್ಮಾ ಮತ್ತು ಟ್ಯಾಮ್ರಾನ್ ಎರಡೂ 400ರವರೆಗೆ ಬಹಳ ಚೆನ್ನಾಗಿದ್ದವು. 600ಕ್ಕೆ ಹೋಗಿ ಅಪರ್ಚರನ್ನು ಪೂರ್ತಿ ತೆರೆದಾಗ, ಅಂದರೆ ಎಫ್/6.3ರಲ್ಲಿ, ಸಣ್ಣ ಅಕ್ಷರಗಳ ಒತ್ತು ಮತ್ತು ಕೊಂಬುಗಳ ಸುತ್ತ ತೆಳುವಾದ ಮಂಜು ಕವಿದಂತೆ ಕಂಡಿತು. ಎಫ್/8ಕ್ಕೆ ಬಂದಾಗ ಆ ಮಂಜು ಹೋಯಿತು. ನಿಕಾನ್ 500ರಲ್ಲಿ, ಪೂರ್ತಿ ತೆರೆದ ಎಫ್/5.6ರಲ್ಲಿಯೇ, ಅಕ್ಷರಗಳನ್ನು ಸ್ಪಷ್ಟವಾಗಿ ಬಿಡಿಸಿ ಕೊಟ್ಟಿತು. ಎಫ್/8ಕ್ಕೆ ಹೋದಾಗ ಸುಧಾರಣೆ ಇತ್ತು, ಆದರೆ ಹುಡುಕಿ ನೋಡಬೇಕಾದಷ್ಟು ಸಣ್ಣದು.

ಪೇಪರಿನ ಅಕ್ಷರಗಳ ಮೇಲೆ ತೀರ್ಪು ಕೊಡುವುದು ನನಗೆ ಇಷ್ಟವಿರಲಿಲ್ಲವಾದ್ದರಿಂದ ಇದೇ ಪರೀಕ್ಷೆಯನ್ನು ಆಗಸ್ಟ್‌ನಲ್ಲಿ ಮಂಡಗದ್ದೆಯಲ್ಲಿ ಮಾಡಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಕಾಲ ಅದು. ಹೊಳೆ ತುಂಬಿದಾಗ ಮರಗಳು ನೀರಿನಲ್ಲಿ ನಿಂತಂತೆ ಕಾಣುತ್ತವೆ. ವೀಕ್ಷಣಾ ಗೋಪುರದ ಕಟಕಟೆಯ ಮೇಲೆ ಅಕ್ಕಿ ತುಂಬಿದ ಬಟ್ಟೆಯ ಚೀಲವಿಟ್ಟು, ಅದರ ಮೇಲೆ ಲೆನ್ಸ್ ಊರಿ, ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದ ಹಾವಕ್ಕಿಯೊಂದನ್ನೇ ಮೂರೂ ಲೆನ್ಸ್‌ಗಳಲ್ಲಿ ಹಿಡಿದೆ. ಹಾವಕ್ಕಿಯ ಭುಜದ ಮೇಲಿನ ಕಪ್ಪು ಗರಿಗಳಲ್ಲಿ ನಡುವೆ ಉದ್ದಕ್ಕೂ ಒಂದೊಂದು ಬೆಳ್ಳಿಯ ಗೆರೆ ಇರುತ್ತದೆ. ಎಫ್/6.3ರ 600 ಎಂ.ಎಂ. ಚಿತ್ರಗಳಲ್ಲಿ ಆ ಗೆರೆಗಳ ಅಂಚು ಕರಗಿ, ಗರಿಯ ಮೇಲೆ ಬೂದಿ ಬಳಿದಂತಾಗಿತ್ತು. ಎಫ್/8ರಲ್ಲಿ ಪ್ರತಿಯೊಂದು ಗೆರೆಯೂ ಬೇರೆಯಾಗಿ, ತುದಿಯಲ್ಲಿ ಸಣ್ಣಗಾಗುತ್ತ ಹೋಗುವುದು ಸಹ ಕಂಡಿತು. ನಿಕಾನ್‌ನಲ್ಲಿ ಇದು ಎಫ್/5.6ರಲ್ಲಿಯೇ ಕಂಡಿತು; ಹಕ್ಕಿ ಮಾತ್ರ ಚೌಕಟ್ಟಿನಲ್ಲಿ ಸ್ವಲ್ಪ ಚಿಕ್ಕದಾಗಿತ್ತು, ಕ್ರಾಪ್ ಮಾಡಿದ ಮೇಲೆ ಆ ಕೊರತೆಯೂ ನೀಗಿತು.

ಕಾಗದದ ಮೇಲೆ ಎಫ್/5.6ಕ್ಕೂ ಎಫ್/6.3ಕ್ಕೂ ಇರುವ ಅಂತರ ಒಂದು ಸ್ಟಾಪ್‌ನ ಮೂರನೇ ಒಂದು ಭಾಗ ಮಾತ್ರ, ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡವೆಂದು ಹಲವರು ಹೇಳುತ್ತಾರೆ. ಆದರೆ ಒಂದನ್ನು ಎಫ್/5.6ರಲ್ಲಿಯೇ ಬಳಸಬಹುದಾಗಿ, ಇನ್ನೊಂದನ್ನು ಎಫ್/8ಕ್ಕೆ ಇಳಿಸಿಯೇ ಬಳಸಬೇಕಾದರೆ ನಿಜವಾದ ಅಂತರ ಪೂರ್ತಿ ಒಂದು ಸ್ಟಾಪ್. ಎಂದರೆ ಬೆಳಕು ಅರ್ಧಕ್ಕರ್ಧ. ಮೈದಾನದ ಬಿಸಿಲಿನಲ್ಲಿ ಇದು ಲೆಕ್ಕಕ್ಕೆ ಬಾರದು. ಆಗುಂಬೆಯ ಮರಗಳ ಅಡಿಯಲ್ಲಿ ಇದೇ ಎಲ್ಲವನ್ನೂ ನಿರ್ಧರಿಸುತ್ತದೆ. ಅಲ್ಲಿ ನವೆಂಬರಿನ ಒಂದು ಬೆಳಿಗ್ಗೆ, ದಾರಿಯಿಂದ ಹೆಚ್ಚು ದೂರವಿಲ್ಲದ ಬಳ್ಳಿಯೊಂದರ ಮೇಲೆ ಕಾಕರಣೆ ಹಕ್ಕಿ ಕೂತಿತ್ತು. ಗಂಡು, ಕರಿಯ ತಲೆ, ಕೆಂಪು ಹೊಟ್ಟೆ, ನಡುವೆ ಬಿಳಿಯ ಪಟ್ಟಿ. ಈ ಹಕ್ಕಿಯ ಸ್ವಭಾವವೇ ಹಾಗೆ, ಬಹಳ ಹೊತ್ತು ಅಲುಗಾಡದೆ ಕೂರುತ್ತದೆ. ಲೆನ್ಸ್ ಬದಲಿಸಿ ನೋಡುವಷ್ಟು ಸಮಯ ಕೊಟ್ಟಿತು. ನಿಕಾನ್‌ನಲ್ಲಿ ಎಫ್/5.6, ಐಎಸ್‌ಓ 6400 (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ), ಶಟರ್ 1/125 ಸೆಕೆಂಡ್ ಬಂದಿತು. ಸಿಗ್ಮಾವನ್ನು ಎಫ್/8ಕ್ಕೆ ಇಟ್ಟಾಗ ಅದೇ ಐಎಸ್‌ಓದಲ್ಲಿ ಶಟರ್ 1/60ಕ್ಕೆ ಇಳಿಯಿತು. ಐಎಸ್‌ಓ ಅನ್ನು 12,800ಕ್ಕೆ ಏರಿಸಿದರೆ ಶಟರ್ ಉಳಿಯುತ್ತದೆ, ಆದರೆ ನನ್ನ ಕ್ಯಾಮೆರಾದಲ್ಲಿ 6400 ದಾಟಿದ ಮೇಲೆ ಎದೆಯ ನವಿರಾದ ಗರಿಗಳು ಒಂದಕ್ಕೊಂದು ಅಂಟಿದಂತಾಗುತ್ತವೆ. 1/60ರಲ್ಲಿ ತೆಗೆದ ಇಪ್ಪತ್ತೆರಡು ಚಿತ್ರಗಳಲ್ಲಿ ಇಟ್ಟುಕೊಳ್ಳುವಂಥವು ಮೂರು. 1/125ರಲ್ಲಿ ತೆಗೆದ ಇಪ್ಪತ್ತರಲ್ಲಿ ಹನ್ನೊಂದು. ನನ್ನ ತೀರ್ಮಾನದ ಅರ್ಧಭಾಗ ಆ ಬಳ್ಳಿಯ ಕೆಳಗೇ ಆಗಿಹೋಗಿತ್ತು.

ಕೈ ನಡುಕವನ್ನು ಸರಿದೂಗಿಸುವ ವಿಷಯದಲ್ಲಿ ಮೂರೂ ಸಮರ್ಥವಾದವೇ. ನಿಕಾನ್ ಮತ್ತು ಟ್ಯಾಮ್ರಾನ್ ಎರಡೂ ತಮ್ಮ ಲೆನ್ಸ್‌ಗೆ 4.5 ಸ್ಟಾಪ್‌ನ ಲಾಭವನ್ನು ಹೇಳುತ್ತವೆ. ನನ್ನ ಕೈಯಲ್ಲಿ ಅಷ್ಟು ಬರಲಿಲ್ಲವಾದರೂ ನಿಕಾನ್‌ನ ನೋಟ ಎಲ್ಲಕ್ಕಿಂತ ಸ್ಥಿರವಾಗಿತ್ತು. ಇದು ಹಕ್ಕಿಯ ಚಲನೆಯನ್ನು ನಿಲ್ಲಿಸುವುದಿಲ್ಲ ಎಂಬುದನ್ನು ಮಾತ್ರ ಹೊಸಬರು ನೆನಪಿಡಬೇಕು. ಹಾರುವ ಬೆಳ್ಳಕ್ಕಿಗೆ ಹೇಗಿದ್ದರೂ 1/2000ದ ಆಸುಪಾಸಿನ ಶಟರ್ ಬೇಕು.

ಇನ್ನು ತೂಕ. ಸಿಗ್ಮಾ 1930 ಗ್ರಾಂ, ನಿಕಾನ್ ಕ್ಯಾಮೆರಾಕ್ಕೆ ಹೊಂದುವ ಟ್ಯಾಮ್ರಾನ್ 1990 ಗ್ರಾಂ, ನಿಕಾನ್ 200-500 ಟ್ರೈಪಾಡ್ ಕಾಲರ್ ಸೇರಿ 2300 ಗ್ರಾಂ. 720 ಗ್ರಾಂನ ಬಾಡಿಯನ್ನೂ ಸೇರಿಸಿದರೆ ನಿಕಾನ್ ಜೋಡಿ ಸರಿಯಾಗಿ ಮೂರು ಕಿಲೋ ದಾಟುತ್ತದೆ. ಕುಂದಾದ್ರಿಯ ಕಲ್ಲಿನ ಮೆಟ್ಟಿಲುಗಳನ್ನು ಹತ್ತುವಾಗ ಆ ಮುನ್ನೂರು ನಾನ್ನೂರು ಗ್ರಾಂ ಎಲ್ಲಿದೆಯೆಂದು ಬಲಗೈಯ ಮಣಿಕಟ್ಟಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸಿಗ್ಮಾ ಇಲ್ಲಿ ನಿಸ್ಸಂದೇಹವಾಗಿ ಮೇಲು. ಅದರ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು: ರಿಂಗ್ ತಿರುಗಿಸದೆ, ಮುಂದಿನ ಹುಡ್ ಹಿಡಿದು ಎಳೆದು ತಳ್ಳಿಯೇ ಜೂಮ್ ಮಾಡಬಹುದು. ನಿಕಾನ್‌ನ ಜೂಮ್ ರಿಂಗ್ ತಿರುಗುವ ದೂರ ದೊಡ್ಡದು. 200ರಿಂದ 500ಕ್ಕೆ ಹೋಗಲು ನಾನು ಪ್ರತಿ ಸಲವೂ ಕೈ ಬದಲಿಸಿ ಹಿಡಿಯಬೇಕಾಯಿತು. ಆದರೆ ನಿಕಾನ್‌ಗೆ ಒಗ್ಗಿದ ಕೈಗೆ ಸಿಗ್ಮಾದ ರಿಂಗ್ ತಿರುಗುವ ದಿಕ್ಕು ತಿರುವುಮುರುವು. ಹಕ್ಕಿ ಹಾರಿದ ಕ್ಷಣದಲ್ಲಿ ನಾನು ಅನೇಕ ಸಲ ತಪ್ಪು ದಿಕ್ಕಿಗೇ ತಿರುಗಿಸಿದೆ.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಮಾರ್ಚ್ ತಿಂಗಳು ದೋಣಿಯಿಂದ ರೀವಗಳ (ಟರ್ನ್ ಹಕ್ಕಿಗಳ) ಚಿತ್ರ ತೆಗೆಯುವಾಗ ಈ ಕ್ರಮ ಸ್ವಲ್ಪ ಬದಲಾಯಿತು. ನೀರು ಇಳಿದಾಗ ತೋರುವ ದಿಬ್ಬಗಳಲ್ಲಿ ಈ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ದೋಣಿ ದೂರವೇ ನಿಲ್ಲಬೇಕು, ನಿಲ್ಲಿಸುವುದು ಸರಿಯೂ ಹೌದು. ಬೆಳಕು ಬೇಕಾದಷ್ಟಿರುವುದರಿಂದ ಎಫ್/8 ಅಲ್ಲಿ ಸಮಸ್ಯೆಯೇ ಅಲ್ಲ, 600ರ ಲಾಭ ಪೂರ್ತಿ ಸಿಗುತ್ತದೆ. ಆ ದಿನದ ಅತ್ಯುತ್ತಮ ಚಿತ್ರ, ಕೊಕ್ಕಿನಲ್ಲಿ ಮೀನು ಹಿಡಿದು ಇಳಿಯುತ್ತಿರುವ ರೀವದ್ದು, ಟ್ಯಾಮ್ರಾನ್‌ನಲ್ಲಿಯೇ ಬಂದದ್ದು. ಫೋಕಸ್ ಹಿಡಿಯುವ ವೇಗದಲ್ಲಿಯೂ ಅದು ನಿಕಾನ್‌ಗಿಂತ ಚುರುಕು ಎನ್ನಿಸಿತು. ನಿಕಾನ್‌ನ ಮೋಟಾರ್ ನಿಧಾನದ್ದು. ಒಮ್ಮೆ ಹಕ್ಕಿ ತಪ್ಪಿ ಹಿನ್ನೆಲೆಯ ನೀರಿಗೆ ಫೋಕಸ್ ಹೋಯಿತೆಂದರೆ ಮರಳಿ ಬರುವಷ್ಟರಲ್ಲಿ ಹಕ್ಕಿ ಇರುವುದಿಲ್ಲ. ಪಕ್ಕದ ಸ್ವಿಚ್ಚನ್ನು 6 ಮೀಟರಿನಿಂದಾಚೆಗೆ ಮಾತ್ರ ಹುಡುಕುವಂತೆ ಇಟ್ಟರೆ ಈ ದೋಷ ಸಾಕಷ್ಟು ಕಡಿಮೆಯಾಗುತ್ತದೆ. ಹತ್ತು ಗಂಟೆಯ ಮೇಲೆ ಮಾತ್ರ ಮೂರೂ ಒಂದೇ: ಬಿಸಿ ನೆಲದ ಮೇಲಿನ ಗಾಳಿ ನಡುಗತೊಡಗಿದಾಗ ಎಷ್ಟು ಉದ್ದದ ಲೆನ್ಸ್ ಇದ್ದರೂ ಆ ನಡುಗುವ ಗಾಳಿಯೇ ದೊಡ್ಡದಾಗಿ ಕಾಣುತ್ತದೆ.

ಮಳೆಯ ವಿಷಯವನ್ನು ಬಿಟ್ಟು ಮಲೆನಾಡಿನಲ್ಲಿ ಲೆನ್ಸ್ ಕುರಿತು ಬರೆಯುವಂತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಟ್ಯಾಮ್ರಾನ್ ಜಿ2 ಈ ಮೂರರಲ್ಲಿ ತೇವಕ್ಕೆ ಹೆಚ್ಚು ಸಿದ್ಧವಾಗಿರುವುದು; ಒಳಗೆ ಅಲ್ಲಲ್ಲಿ ರಬ್ಬರ್ ಸೀಲ್‌ಗಳಿವೆ, ಮುಂದಿನ ಗಾಜಿಗೆ ಫ್ಲೋರಿನ್ ಲೇಪವಿದೆ. ಹನಿಗಳು ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಹೋಗುತ್ತವೆ. ಸಿಗ್ಮಾದಲ್ಲಿ ಸೀಲ್ ಇರುವುದು ಕ್ಯಾಮೆರಾಕ್ಕೆ ಕೂಡುವ ಜಾಗದಲ್ಲಿ ಮಾತ್ರ. ನಿಕಾನ್ ಕೂಡ ಜಡಿಮಳೆಗೆ ಹೊರಡುವ ಲೆನ್ಸ್ ಅಲ್ಲ. ಗೊಬ್ಬರದ ದಪ್ಪ ಪ್ಲಾಸ್ಟಿಕ್ ಚೀಲವನ್ನು ತೊಳೆದು ಕತ್ತರಿಸಿ, ಹುಡ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿಯೇ ಬಳಸಿದೆ.

ಹನಿಗಿಂತ ಕೆಟ್ಟದ್ದು ತೇವದ ಗಾಳಿ. ಈ ಮೂರೂ ಲೆನ್ಸ್‌ಗಳು ಜೂಮ್ ಮಾಡಿದಾಗ ಮುಂದಕ್ಕೆ ಉದ್ದವಾಗುತ್ತವೆ, ಮತ್ತೆ ಒಳಕ್ಕೆ ಎಳೆದಾಗ ಗಿಡ್ಡವಾಗುತ್ತವೆ. ಪ್ರತಿ ಸಲವೂ ಹೊರಗಿನ ಗಾಳಿ ಒಳಕ್ಕೆ ಹೋಗಿ ಬರುತ್ತದೆ. ಜುಲೈನಲ್ಲಿ ನಮ್ಮ ಮನೆಯ ಒಳಕೋಣೆಯಲ್ಲಿಯೇ ತೇವಾಂಶ ಶೇ. 90ರ ಹತ್ತಿರ ಇರುತ್ತದೆ, ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ; ಗಾಜಿಗೂ ಅದೇ ಗತಿ. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು, ಶೇ. 40ರಿಂದ 50ರ ನಡುವೆ ಕಾಯ್ದುಕೊಂಡಿದ್ದೇನೆ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಬಾಣಲೆಯೊಂದರಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಲೆನ್ಸ್ ಜೊತೆಗೆ ಬಂದ ಮೆತ್ತನೆಯ ಚೀಲದಲ್ಲಿಯೇ ಮಳೆಗಾಲವಿಡೀ ಇಡುವುದು ಮಾತ್ರ ಬೂಷ್ಟನ್ನು ಕೈಯಾರೆ ಸಾಕಿದಂತೆ.

ನಾನು ಕೊನೆಗೆ ಕೊಂಡದ್ದು ನಿಕಾನ್ 200-500. ಮರಗಳ ಅಡಿಯ ಬೆಳಕಿನಲ್ಲಿ ಅದು ಕೊಟ್ಟ ಚಿತ್ರಗಳೇ ಕಾರಣ. ತೂಕವನ್ನೂ ನಿಧಾನದ ಫೋಕಸನ್ನೂ ತಿಳಿದೇ ಒಪ್ಪಿಕೊಂಡೆ. ಅದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಡಿ90ಯಂಥ ಹಳೆಯ ಬಾಡಿಗಳಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಥವರು ಸಿಗ್ಮಾದ ಕಡೆ ನೋಡಬೇಕು. ಕೆನಾನ್ ಬಾಡಿಯವರಿಗೆ ನಿಕಾನ್‌ನ ಪ್ರಶ್ನೆಯೇ ಇಲ್ಲ. ಅವರಿಗೆ ನಾನು ಟ್ಯಾಮ್ರಾನನ್ನು ಹೇಳುತ್ತೇನೆ. ಅದು 2.2 ಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಮಾಡುತ್ತದೆ, ಹಾಗಾಗಿ ಹಾರುವ ಓತಿ, ಚಿಟ್ಟೆಗಳಿಗೂ ಒದಗುತ್ತದೆ; ಸಿಗ್ಮಾಕ್ಕೆ 2.8 ಮೀಟರ್ ಬೇಕು. ದಿನವಿಡೀ ನಡೆಯುವವರಿಗೆ, ಹೆಗಲು ನೋವು ಇರುವವರಿಗೆ ಸಿಗ್ಮಾ. ನಿಕಾನ್‌ನ ಮಿರರ್‌ಲೆಸ್ ಝಡ್ ಬಾಡಿ ಇರುವವರು ಇನ್ನೂ ಸ್ವಲ್ಪ ಹಣ ಕೂಡಿಸಿ 2023ರಲ್ಲಿ ಬಂದ 180-600 ಕೊಳ್ಳುವುದು ಒಳ್ಳೆಯದು. ಜೂಮ್ ಮಾಡಿದಾಗ ಅದರ ಉದ್ದ ಬದಲಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಟಾರ್ಚ್ ಒಯ್ಯಬೇಕು. ನಾನು ಮೊದಲು ಮಾತಾಡಿ ಮುಂಗಡ ಕೊಟ್ಟಿದ್ದ ಲೆನ್ಸ್‌ನ್ನು ಬಿಸಿಲಿಗೆ ಹಿಡಿದು ನೋಡಿದಾಗ ಕನ್ನಡಿಯಂತಿತ್ತು. ಕತ್ತಲೆಯ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದಾಗ, ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ಬಲೆಯಷ್ಟು ತೆಳುವಾದ ಬಿಳಿಯ ಎಳೆಗಳು ಕವಲೊಡೆದು ಹಬ್ಬಿದ್ದವು. ಮುಂಗಡದಲ್ಲಿ ಅರ್ಧವಷ್ಟೇ ಮರಳಿ ಬಂದಿತು. ಎರಡನೆಯ ಸಲ ಟಾರ್ಚನ್ನು ಮೊದಲು ಬಿಟ್ಟೆ, ಬೆಲೆಯ ಮಾತನ್ನು ಆಮೇಲೆ ಆಡಿದೆ.