ಗೇಮ್ ರೆಕಾರ್ಡ್ ಮಾಡುವವರು ಓದಿ: ಎರಡು ನಿಮಿಷದ ಟೆಸ್ಟ್ ನಂಬಿ ನಾನು ಕಳೆದುಕೊಂಡದ್ದು

ಕಂಪ್ಯೂಟರ್‌ನಲ್ಲಿ ಆಡುವ ಆಟವನ್ನು ರೆಕಾರ್ಡ್ ಮಾಡುವವರು, ಹೊಸದಾಗಿ ಶುರು ಮಾಡಬೇಕು ಅಂತ ಇರುವವರು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಬಸ್ ಓಡಿಸಿದವರು. ಹೆಚ್ಚಿನ ಸರ್ವಿಸ್ ಹಾಸನ–ಮಂಗಳೂರು ರೂಟಲ್ಲಿ, ಶಿರಾಡಿ ಘಾಟಿ ಮೇಲೆ. ಕೆಲವು ವರ್ಷ ಚಾರ್ಮಾಡಿ ಕಡೆಗೂ ಹೋಗಿದ್ದಾರೆ. ಮನೆಯಲ್ಲಿ ಕೆಲಸದ ಮಾತು ಆಡಿದವರೇ ಅಲ್ಲ. ಕೇಳಿದರೆ, ‘ಅದರಲ್ಲೇನಿದೆ ಹೇಳಕ್ಕೆ’ ಅನ್ನುತ್ತಿದ್ದರು. ಕಳೆದ ದೀಪಾವಳಿಗೆ ಬೆಂಗಳೂರಿಗೆ ಬಂದಾಗ ಗೆಳೆಯನ ಹತ್ತಿರ ಸ್ಟೀರಿಂಗ್ ವೀಲ್, ಪೆಡಲ್ ಎರಡೂ ತಂದು ಟೇಬಲ್‌ಗೆ ಬಿಗಿದೆ. ಲಾರಿ ಓಡಿಸುವ ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿದೆ. ಅದರಲ್ಲಿ ಆಟಗಾರರೇ ಮಾಡಿ ಹಂಚುವ ಬಸ್ ಮಾಡ್‌ಗಳು ಸಿಗುತ್ತವೆ. ಒಂದು ಕೆಂಪು ಬಸ್ ಇಳಿಸಿಕೊಂಡಿದ್ದೆ.

ಅಪ್ಪ ಕೂತರು. ಮೊದಲು ಕಾಲಲ್ಲಿ ಕ್ಲಚ್ ಹುಡುಕಿದರು. ಆಮೇಲೆ ಎಡಗೈ ತಾನಾಗಿ ಗೇರಿನ ಕಡೆ ಹೋಯಿತು. ಸ್ವಿಟ್ಜರ್ಲೆಂಡಿನ ಬೆಟ್ಟದ ರಸ್ತೆಯಲ್ಲಿ ಒಂದು ಇಳಿಜಾರು ಬಂದದ್ದೇ ತಡ, ಬಾಯಿ ಬಿಟ್ಟರು. ‘ಮಗಾ, ಯಾವ ಗೇರಲ್ಲಿ ಹತ್ತಿಸ್ತೀಯೋ ಅದೇ ಗೇರಲ್ಲಿ ಇಳಿಸಬೇಕು. ಬ್ರೇಕ್ ತುಳಿಯೋದು ಕಡೆಗೆ.’ ಅಲ್ಲಿಂದ ಶುರುವಾದ ಮಾತು ಒಂದು ಗಂಟೆ 40 ನಿಮಿಷ ನಿಲ್ಲಲಿಲ್ಲ. ಮಂಜು ಕವಿದ ರಾತ್ರಿ ಕಂಡಕ್ಟರ್ ಟಾರ್ಚ್ ಹಿಡಿದು ಬಸ್ಸಿನ ಮುಂದೆ ನಡೆದದ್ದು, ಬಸ್ಸಲ್ಲೇ ಹೆರಿಗೆ ನೋವು ಬಂದ ಹೆಂಗಸನ್ನು ಸಕಲೇಶಪುರ ಆಸ್ಪತ್ರೆಗೆ ಬಿಟ್ಟದ್ದು, ಮಳೆಗಾಲದಲ್ಲಿ ರಸ್ತೆ ಕುಸಿದು ಗುಂಡ್ಯದಲ್ಲೇ ರಾತ್ರಿ ಕಳೆದದ್ದು. ನಾನು ಪಕ್ಕದಲ್ಲಿ ಕೂತು ಸುಮ್ಮನೆ ಕೇಳುತ್ತಿದ್ದೆ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು. ಎಲ್ಲ ರೆಕಾರ್ಡ್ ಆಗುತ್ತಿದೆ ಅಂತ ನೆಮ್ಮದಿಯಾಗಿದ್ದೆ.

ನಿಲ್ಲಿಸುವ ಬಟನ್ ಒತ್ತಿದಾಗ ರೆಕಾರ್ಡರ್ ಹಾಗೇ ಅಂಟಿಕೊಂಡಿತು. ಹತ್ತು ನಿಮಿಷ ಕಾದೆ. ಇಡೀ ಲ್ಯಾಪ್‌ಟಾಪೇ ನಿಂತುಹೋಯಿತು. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಮತ್ತೆ ಆನ್ ಮಾಡಿ ನೋಡಿದರೆ 11 ಜಿಬಿಯ ಫೈಲ್ ಇದೆ, ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ.

ಆ ರೆಕಾರ್ಡರ್ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ಒಂದು ವಿಡಿಯೋದ ಕೆಳಗಿನ ಲಿಂಕ್. ‘ಪೂರ್ತಿ ವರ್ಷನ್, ವಾಟರ್‌ಮಾರ್ಕ್ ಇಲ್ಲ, ಎಷ್ಟು ಹೊತ್ತು ಬೇಕಾದರೂ ರೆಕಾರ್ಡ್ ಮಾಡಿ’ ಅಂತ ಬರೆದಿತ್ತು. ದುಡ್ಡು ಕೊಟ್ಟು ತಗೊಳ್ಳುವ ಸಾಫ್ಟ್‌ವೇರ್ ಅದು, ಯಾರೋ ಅದರ ಬೀಗ ಒಡೆದು ಹಂಚಿದ್ದರು. ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಸೂಚನೆ ಇತ್ತು. ನಾನು ಆಫ್ ಮಾಡಿದೆ. ದಯವಿಟ್ಟು ಇದೊಂದನ್ನು ಮಾಡಬೇಡಿ. ಆಂಟಿವೈರಸ್ ಆಫ್ ಮಾಡಿ ಅಂತ ಯಾರೇ ಹೇಳಿದರೂ ಆ ಫೈಲನ್ನು ಅಲ್ಲೇ ಅಳಿಸಿ. ಮೂರನೇ ದಿನ ನನ್ನ ಮೇಲ್‌ಗೆ ಎಲ್ಲಿಂದಲೋ ಲಾಗಿನ್ ಆಯಿತು. ಇನ್‌ಸ್ಟಾಗ್ರಾಂನಲ್ಲಿ ನನ್ನ ಹೆಸರಲ್ಲಿ ‘ದುಡ್ಡು ದುಪ್ಪಟ್ಟು’ ಅಂತ ಪೋಸ್ಟ್ ಬಿತ್ತು. ಓಟಿಪಿ ಇಟ್ಟಿದ್ದೆನಲ್ಲ, ಹೇಗಾಯಿತು ಅಂತ ತಲೆ ಕೆಟ್ಟಿತ್ತು. ಇಂಥ ಕಳ್ಳ ಪ್ರೋಗ್ರಾಂಗಳು ಪಾಸ್‌ವರ್ಡ್ ಒಂದನ್ನೇ ಕದಿಯುವುದಿಲ್ಲ. ಬ್ರೌಸರ್‌ನಲ್ಲಿ ನಾವು ಲಾಗಿನ್ ಆಗಿದ್ದೇವೆ ಅನ್ನುವ ಗುರುತು, ಅಂದರೆ ಕುಕೀಯನ್ನೇ ಎತ್ತಿಕೊಂಡು ಹೋಗುತ್ತವೆ. ಆಮೇಲೆ ಓಟಿಪಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಬೇರೆ ಫೋನಿಂದ ಎಲ್ಲ ಪಾಸ್‌ವರ್ಡ್ ಬದಲಿಸಿ, ಎಲ್ಲ ಡಿವೈಸ್‌ಗಳಿಂದ ಲಾಗೌಟ್ ಮಾಡಿ, ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ನನ್ನ ಪುಣ್ಯ, ದುಡ್ಡು ಹೋಗಲಿಲ್ಲ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾಸ್‌ವರ್ಡ್ ಬದಲಿಸಬಹುದು. ಅಪ್ಪನ ಆ ಮಾತು ಮತ್ತೆ ಹಾಗೇ ಬರುವುದಿಲ್ಲ, ಅಲ್ವಾ?

ಫೈಲ್ ಯಾಕೆ ತೆರೆಯಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಎಲ್ಲಿದೆ ಅನ್ನುವ ಲೆಕ್ಕ ಬರೆಯುವುದು ಕೊನೆಗೆ, ಸ್ಟಾಪ್ ಒತ್ತಿದ ಮೇಲೆ. ಅಷ್ಟರೊಳಗೆ ಪ್ರೋಗ್ರಾಂ ಸತ್ತರೆ ಒಳಗೆ ಸರಕು ಇದ್ದರೂ ಲೆಕ್ಕ ಇಲ್ಲ. ಕಂಡಕ್ಟರ್ ದಾರಿಯಲ್ಲಿ ವೇಬಿಲ್ ತುಂಬದೆ ಕೊನೇ ಸ್ಟಾಪಿನಲ್ಲಿ ಎಲ್ಲ ಒಟ್ಟಿಗೆ ಬರೆಯುತ್ತೇನೆ ಅಂತ ಕೂತ ಹಾಗೆ. ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲ್ ಹಾಗಲ್ಲ. ಅದು ಸ್ಟೇಜ್ ಸ್ಟೇಜಿಗೂ ಬರೆದುಕೊಂಡು ಹೋಗುತ್ತದೆ. ಮಧ್ಯದಲ್ಲಿ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ.

ಅನ್‌ಟ್ರಂಕ್ ಅನ್ನುವ ಒಂದು ಉಚಿತ ಸಾಧನ ಇದೆ. ಅದೇ ರೆಕಾರ್ಡರ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಸರಿಯಾದ ಫೈಲ್ ಕೊಟ್ಟರೆ, ಅದನ್ನು ನೋಡಿಕೊಂಡು ಕೆಟ್ಟ ಫೈಲಿನ ಲೆಕ್ಕ ಮತ್ತೆ ಕಟ್ಟಲು ಪ್ರಯತ್ನಿಸುತ್ತದೆ. ನನ್ನ ಹತ್ತಿರ ಇದ್ದದ್ದು ಶುರು ಮಾಡುವ ಮೊದಲು ತೆಗೆದ ಎರಡು ನಿಮಿಷದ ಟೆಸ್ಟ್ ಫೈಲ್. ಅದನ್ನು ಕೊಟ್ಟೆ. 22 ನಿಮಿಷ ಸಿಕ್ಕಿತು. ಮೊದಲ ಹನ್ನೆರಡು ನಿಮಿಷ ಚೆನ್ನಾಗಿದೆ. ಅಲ್ಲಿಂದ ಬಸ್ಸು ತಡೆ ತಡೆದು ಹೋಗುತ್ತದೆ, ಒಂದೊಂದು ಚಿತ್ರ ಎರಡು ಸೆಕೆಂಡ್ ಅಲ್ಲೇ ನಿಲ್ಲುತ್ತದೆ. ಅಪ್ಪನ ಧ್ವನಿ ಒಂದು ಕಡೆ, ಕೈ ತಿರುವಿದ್ದು ಇನ್ನೊಂದು ಕಡೆ. ಮಂಜಿನ ರಾತ್ರಿಯ ಕತೆಯಲ್ಲಿ ಕಂಡಕ್ಟರ್ ಟಾರ್ಚ್ ಹಿಡಿದು ಕೆಳಗಿಳಿಯುತ್ತಾರೆ. ಅಲ್ಲಿಗೆ ಫೈಲ್ ಮುಗಿಯುತ್ತದೆ.

ಎರಡು ನಿಮಿಷದ ಟೆಸ್ಟ್ ಚೆನ್ನಾಗಿ ಬಂದಿತ್ತು, 12 ನಿಮಿಷದ ಮೇಲೆ ಯಾಕೆ ಹಾಳಾಯಿತು? ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. 1080ಪಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಸೆಕೆಂಡಿಗೆ 60 ಚಿತ್ರ ಅಂದರೆ 12 ಕೋಟಿಗೂ ಹೆಚ್ಚು ಚುಕ್ಕೆ. ಹಾಗೇ ಬರೆದಿಟ್ಟರೆ ಸೆಕೆಂಡಿಗೆ ಸುಮಾರು 373 ಎಂಬಿ ಬೇಕು. ಅದನ್ನು ಒಂದೆರಡು ಎಂಬಿಗೆ ಹಿಂಡಬೇಕು, ಅದೂ ಆಟ ನಡೆಯುತ್ತಿರುವಾಗಲೇ. ನನ್ನ ರೆಕಾರ್ಡರ್ ಆ ಕೆಲಸವನ್ನೆಲ್ಲ ಪ್ರೊಸೆಸರ್ ತಲೆಗೆ ಕಟ್ಟಿತ್ತು. ಆಟಕ್ಕೂ ಅದೇ ಪ್ರೊಸೆಸರ್ ಬೇಕು. ಮೊದಲ ಕೆಲವು ನಿಮಿಷ ಲ್ಯಾಪ್‌ಟಾಪ್ ತಣ್ಣಗಿರುತ್ತದೆ, ಎರಡನ್ನೂ ಎಳೆಯುತ್ತದೆ. ಬಿಸಿ ಏರಿದ ಮೇಲೆ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಆಗ ಚಿತ್ರಗಳು ಬಿದ್ದುಹೋಗುತ್ತವೆ. ನಾನು ಟೇಬಲ್ ಮೇಲೆ ದಪ್ಪ ಬಟ್ಟೆ ಬೇರೆ ಹಾಸಿದ್ದೆ, ವೀಲ್ ಬಿಗಿದರೆ ಗೀರು ಬೀಳದಿರಲಿ ಅಂತ. ಲ್ಯಾಪ್‌ಟಾಪಿನ ಅಡಿಯ ಗಾಳಿ ಕಿಂಡಿ ಮುಚ್ಚಿಹೋಗಿತ್ತು.

ಹಾಗಾಗಿ ಟೆಸ್ಟ್ ಮಾಡುವುದಾದರೆ ಕನಿಷ್ಠ ಅರ್ಧ ಗಂಟೆ ಮಾಡಿ. ಅದೇ ಆಟ, ಅದೇ ಮೈಕ್, ಅದೇ ಟೇಬಲ್, ಚಾರ್ಜರ್ ಹಾಕಿಕೊಂಡು. ಮುಗಿದ ಮೇಲೆ ಕೊನೆಯ ಐದು ನಿಮಿಷ ತೆರೆದು ನೋಡಿ. ಶುರು ಚೆನ್ನಾಗಿರುವುದು ಏನನ್ನೂ ಹೇಳುವುದಿಲ್ಲ.

ಈಗ ನಾನು ಬಳಸುತ್ತಿರುವುದು ಓಬಿಎಸ್ ಸ್ಟುಡಿಯೋ. ಪೂರ್ತಿ ಉಚಿತ, ಓಪನ್ ಸೋರ್ಸ್, 2012ರಿಂದ ಇದೆ. ವಾಟರ್‌ಮಾರ್ಕ್ ಇಲ್ಲ, ಸಮಯದ ಮಿತಿ ಇಲ್ಲ. ಇದು ಕೈಯಲ್ಲಿರುವಾಗ ಬೀಗ ಒಡೆದದ್ದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ. ಆದರೆ ಇದರಲ್ಲೂ ಒಂದು ಎಚ್ಚರ ಬೇಕು. ಹೆಸರು ಟೈಪ್ ಮಾಡಿ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ. 2023ರ ಆರಂಭದಲ್ಲಿ ಇದೇ ಹೆಸರಿನ ನಕಲಿ ಜಾಲತಾಣಗಳನ್ನು ಜಾಹೀರಾತಾಗಿ ಹಾಕಿ ಜನರ ಖಾತೆ ಕದ್ದದ್ದು ಸುದ್ದಿಯಾಗಿತ್ತು. ಓಬಿಎಸ್‌ಪ್ರಾಜೆಕ್ಟ್ ಡಾಟ್ ಕಾಮ್ ಅಂತ ವಿಳಾಸವನ್ನೇ ಬರೆದು ಹೋಗಿ. ಇಲ್ಲವಾದರೆ ಆಟ ಮಾರುವ ತಾಣ ಸ್ಟೀಮ್‌ನಲ್ಲೇ ಉಚಿತವಾಗಿ ಸಿಗುತ್ತದೆ.

ಸೆಟ್ಟಿಂಗ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರ ಹಿಂಡುವ ಎನ್‌ಕೋಡರ್. ಔಟ್‌ಪುಟ್ ವಿಭಾಗದಲ್ಲಿ ಎಕ್ಸ್264 ಅಂತ ಇದ್ದರೆ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ವೆಂಕ್ ಆರಿಸಿ. ಇಂಟೆಲ್ ಗ್ರಾಫಿಕ್ಸ್ ಮಾತ್ರ ಇದ್ದರೆ ಕ್ವಿಕ್ ಸಿಂಕ್, ಎಎಂಡಿ ಇದ್ದರೆ ಅದರದ್ದೇ ಒಂದು ಆಯ್ಕೆ ಬರುತ್ತದೆ. ಚಿತ್ರ ಹಿಂಡುವುದಕ್ಕೆಂದೇ ಈ ಚಿಪ್‌ಗಳಲ್ಲಿ ಬೇರೆ ಭಾಗ ಇಟ್ಟಿದ್ದಾರೆ. ಆಟಕ್ಕೆ ತೊಂದರೆ ತುಂಬಾ ಕಡಿಮೆ. ನನ್ನ ಜಿಟಿಎಕ್ಸ್ 1650ರಲ್ಲೂ ಇದು ಇತ್ತು. ಆ ರೆಕಾರ್ಡರ್ ಅದನ್ನು ಮುಟ್ಟಿಯೇ ಇರಲಿಲ್ಲ, ನಾನೂ ನೋಡಿರಲಿಲ್ಲ.

ಚಿತ್ರವನ್ನು ಎಷ್ಟು ಹಿಂಡಬೇಕು ಅಂತ ಹೇಳುವ ರೇಟ್ ಕಂಟ್ರೋಲ್ ಸಿಕ್ಯೂಪಿ, ಸಂಖ್ಯೆ 20ರ ಸುತ್ತ ಇಟ್ಟಿದ್ದೇನೆ. ಸಂಖ್ಯೆ ಇಳಿಸಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಸುಮ್ನೆ ಗುಣಮಟ್ಟ ಜಾಸ್ತಿ ಇಡಬೇಡಿ. ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಹೋದರೆ ಗಂಟೆಗೆ 22 ಜಿಬಿ ದಾಟುತ್ತದೆ. ಜಾಗ ಎಷ್ಟಿದೆ ಅಂತ ಮೊದಲೇ ನೋಡಿಕೊಳ್ಳಿ. ಪೆನ್‌ಡ್ರೈವ್‌ಗೆ ನೇರ ರೆಕಾರ್ಡ್ ಮಾಡಬೇಡಿ. ಅದು ಫ್ಯಾಟ್32 ಅನ್ನುವ ಹಳೆಯ ವ್ಯವಸ್ಥೆಯಲ್ಲಿ ಇದ್ದರೆ ಒಂದು ಫೈಲ್ 4 ಜಿಬಿ ದಾಟುವುದೇ ಇಲ್ಲ. ಫಾರ್ಮ್ಯಾಟ್ ಎಂಕೆವಿ ಇಡಿ. ಎಡಿಟ್ ಮಾಡಲು ಎಂಪಿ4 ಬೇಕಾದರೆ ಓಬಿಎಸ್‌ನ ಫೈಲ್ ಮೆನುವಿನಲ್ಲೇ ರೀಮಕ್ಸ್ ಅಂತ ಇದೆ. ಚಿತ್ರ ಕೆಡುವುದಿಲ್ಲ, ಬೇಗ ಮುಗಿಯುತ್ತದೆ.

ಪರದೆ ಕಪ್ಪಗೆ ಬಂದರೆ ಗಾಬರಿ ಬೇಡ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಆಟ ಒಂದರಲ್ಲಿ, ಓಬಿಎಸ್ ಇನ್ನೊಂದರಲ್ಲಿ ಓಡುತ್ತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ಒಳಗೆ ಗ್ರಾಫಿಕ್ಸ್‌ಗೆ ಹೋಗಿ ಓಬಿಎಸ್‌ಗೂ ಹೈ ಪರ್ಫಾರ್ಮೆನ್ಸ್ ಕೊಟ್ಟು, ಓಬಿಎಸ್‌ನ ಸೋರ್ಸ್ ಪಟ್ಟಿಯಲ್ಲಿರುವ ಗೇಮ್ ಕ್ಯಾಪ್ಚರ್ ಬಳಸಿ.

ಆಟ ಸೆಕೆಂಡಿಗೆ ತೋರಿಸುವ ಚಿತ್ರಗಳಿಗೆ, ಅಂದರೆ ಫ್ರೇಮ್‌ಗೆ ಮಿತಿ ಹಾಕುವುದನ್ನು ಮರೆಯಬೇಡಿ. ಮಿತಿ ಇಲ್ಲದಿದ್ದರೆ ಆಟವೇ ಗ್ರಾಫಿಕ್ಸ್ ಕಾರ್ಡನ್ನೆಲ್ಲ ತಿಂದುಬಿಡುತ್ತದೆ, ರೆಕಾರ್ಡರ್‌ಗೆ ಚಿತ್ರ ಜೋಡಿಸಲು ಏನೂ ಉಳಿಯುವುದಿಲ್ಲ. ನಾನು ಆಟದ ವೇಗವನ್ನು ಪರದೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆನ್ ಮಾಡಿ 60ಕ್ಕೆ ನಿಲ್ಲಿಸಿದ್ದೇನೆ. ಅದೂ ಭಾರ ಅನ್ನಿಸಿದರೆ ರೆಕಾರ್ಡಿಂಗ್ 30ಕ್ಕೆ ಇಳಿಸಿ. ಕುಂಟುವ 60ಕ್ಕಿಂತ ನೆಟ್ಟಗೆ ಬರುವ 30 ಎಷ್ಟೋ ವಾಸಿ. ಓಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದಕ್ಕೂ ಗ್ರಾಫಿಕ್ಸ್ ಕಾರ್ಡಿನಲ್ಲಿ ಪಾಲು ಸಿಗುತ್ತದೆ. ಸ್ಟ್ಯಾಟ್ಸ್ ಅನ್ನುವ ಕಿಟಕಿಯನ್ನು ತೆರೆದೇ ಇಡಿ. ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಕಾರ್ಡಿಗೆ ಭಾರ, ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಹಿಂಡುವ ಕೆಲಸ ಹಿಂದೆ ಬಿದ್ದಿದೆ ಅಂತ ಅರ್ಥ.

ಧ್ವನಿ ಬಗ್ಗೆ ಒಂದು ಮಾತು. ಮೈಕ್, ಸ್ಪೀಕರ್, ಓಬಿಎಸ್ ಮೂರರಲ್ಲೂ ಧ್ವನಿಯ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇರಲಿ. ಒಂದು 44.1, ಇನ್ನೊಂದು 48 ಇದ್ದರೆ ಕರಕರ ಸದ್ದು ಬರಬಹುದು, ಹೊತ್ತು ಹೋದಂತೆ ತುಟಿ-ಧ್ವನಿ ತಪ್ಪಲೂಬಹುದು. ಆಟದ ಸದ್ದು ಒಂದು ಟ್ರ್ಯಾಕ್, ಮೈಕ್ ಇನ್ನೊಂದು ಟ್ರ್ಯಾಕ್ ಮಾಡಿ. ಇಂಜಿನ್ ಸದ್ದು ಜಾಸ್ತಿಯಾದರೆ ಆಮೇಲೆ ತಗ್ಗಿಸಬಹುದು. ಮಾತು ಮುಖ್ಯವಾದ ದಿನ ಫೋನಿನಲ್ಲೂ ವಾಯ್ಸ್ ರೆಕಾರ್ಡರ್ ಹಾಕಿ ಪಕ್ಕದಲ್ಲಿಡಿ. ನಾನು ಆವತ್ತು ಇಷ್ಟು ಮಾಡಿದ್ದರೂ ಸಾಕಿತ್ತು, ಅಪ್ಪನ ಧ್ವನಿಯಾದರೂ ಪೂರ್ತಿ ಉಳಿಯುತ್ತಿತ್ತು.

ಯುಗಾದಿಗೆ ಅಪ್ಪ ಮತ್ತೆ ಬಂದರು. ವೀಲ್ ಮತ್ತೆ ತಂದೆ. ಬಟ್ಟೆ ತೆಗೆದು ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲಿಟ್ಟೆ. ಹಿಂದಿನ ರಾತ್ರಿ 40 ನಿಮಿಷ ಒಬ್ಬನೇ ಓಡಿಸಿ, ಫೈಲಿನ ಕೊನೆ ನೋಡಿ ಮಲಗಿದ್ದೆ. ಮಂಜಿನ ರಾತ್ರಿಯ ಕತೆ ಇನ್ನೊಂದು ಸಲ ಹೇಳಿ ಅಂದೆ. ಹೇಳಿದರು, ಐದೇ ಮಾತಲ್ಲಿ. ಹೋದ ಸಲ ಇಪ್ಪತ್ತು ನಿಮಿಷ ಹೇಳಿದ್ದರು. ಟಾರ್ಚ್ ಹಿಡಿದ ಕಂಡಕ್ಟರ್ ಏನಂದರು ಅಂತ ಕೇಳಿದರೆ, ‘ಹೋದ್ಸಲ ಹೇಳಿದ್ನಲ್ಲೋ’ ಅಂದರು. ನಾನು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದರು. ಆಮೇಲೆ ಒಂದು ತಿರುವಿನಲ್ಲಿ ಗೇರ್ ಇಳಿಸುತ್ತಾ, ನಾನು ಹಿಂದೆ ಕೇಳಿರದ ಒಂದು ಹೆಸರು ಹೇಳಿದರು, ಅವರಿಗೆ ಘಾಟಿ ಇಳಿಸುವುದನ್ನು ಕಲಿಸಿದ ಹಿರಿಯ ಡ್ರೈವರ್‌ದು. ಸ್ಟ್ಯಾಟ್ಸ್ ಕಿಟಕಿ ನೋಡಿದೆ. ಬಿದ್ದ ಫ್ರೇಮ್ ಸೊನ್ನೆ. ಫೋನನ್ನು ಇನ್ನೂ ಸ್ವಲ್ಪ ಅವರ ಹತ್ತಿರಕ್ಕೆ ಸರಿಸಿದೆ.