‘ಎಲ್ಲಾ ಡಿವೈಸ್‌ಗೂ ಆಗುತ್ತೆ’ ಅಂದ್ರೆ ನಂಬಬೇಡಿ: ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ತಗೊಂಡು ನಾನು ಬೇಸ್ತು ಬಿದ್ದ ಕಥೆ

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಅರ್ಧ ತಪ್ಪು ನನ್ನದೇ. ಉಳಿದರ್ಧ ನನ್ನದಲ್ಲ, ಅದಕ್ಕೇ ಬರೀತಿದ್ದೀನಿ. ಲ್ಯಾಪ್‌ಟಾಪ್, ಕನ್ಸೋಲ್, ಫೋನ್ ಎಲ್ಲಕ್ಕೂ ಒಂದೇ ಹೆಡ್‌ಸೆಟ್ ಹುಡುಕ್ತಿರೋರು ಇದನ್ನ ಪೂರ್ತಿ ಓದಿ, ಆಮೇಲೆ ಬೇಕಾದ್ರೆ ದುಡ್ಡು ಕಳೀರಿ.

ಆಫೀಸ್ ಮೀಟಿಂಗಿಗೂ ಗೇಮಿಗೂ ನನ್ನದು ಒಂದೇ ವಿಂಡೋಸ್ ಲ್ಯಾಪ್‌ಟಾಪ್. ಟಿವಿ ಮುಂದೆ ಮೈಕ್ರೋಸಾಫ್ಟ್‌ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್. ತಂಗಿಯದೊಂದು ನಿಂಟೆಂಡೊ ಸ್ವಿಚ್ ಇದೆ (ಕೈಲಿ ಹಿಡಿದೂ ಆಡಬಹುದಾದ ಕನ್ಸೋಲ್), ರಾತ್ರಿ ಅವಳು ಮಲಗಿದ ಮೇಲೆ ಅದು ನನ್ನದು. ಫೋನಂತೂ ಇದ್ದೇ ಇದೆ. ಹಳೇ ಹೆಡ್‌ಸೆಟ್‌ನ ವೈರು ಕುರ್ಚಿ ಚಕ್ರಕ್ಕೆ ಸಿಕ್ಕಿ ಸಿಕ್ಕಿ ಕೊನೆಗೊಂದು ದಿನ ಕಿತ್ತೇ ಬಂತು. ಈ ಸಲ ವೈರಿನ ಸಹವಾಸವೇ ಬೇಡ, ನಾಲ್ಕಕ್ಕೂ ಒಂದೇ ತಗೊಳ್ಳೋದು ಅಂತ ಹಟ ಹಿಡಿದು ಕೂತೆ.

ಸಿಕ್ತು. ಡಬ್ಬದ ಮುಂದೆ ದಪ್ಪಕ್ಷರದಲ್ಲಿ ‘ಮಲ್ಟಿ-ಡಿವೈಸ್ ವೈರ್‌ಲೆಸ್’. ಅದರ ಕೆಳಗೆ ಸಾಲಾಗಿ ಐದು ಚಿತ್ರ: ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್, ಮೊಬೈಲ್. 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿ ಪೋರ್ಟ್‌ಗೆ ಚುಚ್ಚೋ ಪುಟ್ಟ ವೈರ್‌ಲೆಸ್ ತುಂಡು) ಇದೆ, ಬ್ಲೂಟೂತ್ ಇದೆ, ‘ಮಲ್ಟಿಪಾಯಿಂಟ್’ ಅಂತಲೂ ಇದೆ. ಜಾಹೀರಾತಿನ ಫೋಟೋದಲ್ಲಿ ಒಬ್ಬ ಹುಡುಗ ಕಂಟ್ರೋಲರ್ ಹಿಡಿದು ಆಡ್ತಾ, ಪಕ್ಕದಲ್ಲಿ ರಿಂಗಾಗ್ತಿರೋ ಫೋನ್ ನೋಡಿ ನಗ್ತಿದ್ದಾನೆ. ಆ ನಗು ನೋಡಿಯೇ ನಾನು ಕೆಟ್ಟೆ.

ಬಂದ ದಿನ ಡಾಂಗಲ್‌ನ ಲ್ಯಾಪ್‌ಟಾಪ್‌ಗೆ ಚುಚ್ಚಿ ಹಾಡು ಕೇಳಿದೆ, ಒಂದು ಮ್ಯಾಚ್ ಆಡಿದೆ. ಎದುರಾಳಿಯ ಹೆಜ್ಜೆ ಸಪ್ಪಳ ಎಡಕ್ಕೋ ಬಲಕ್ಕೋ ಅಂತ ಕರಾರುವಾಕ್ಕಾಗಿ ಗೊತ್ತಾಗ್ತಿತ್ತು. ಸುಳ್ಳು ಹೇಳಲ್ಲ, ಸದ್ದು ಚೆನ್ನಾಗಿದೆ. ಈಗಲೂ ಚೆನ್ನಾಗೇ ಇದೆ. ಡಬ್ಬದೊಳಗೆ ಒಂದು ಕಾರ್ಡ್ ಇತ್ತು, ರಿವ್ಯೂ ಬರೆದರೆ ವಾರಂಟಿ ಆರು ತಿಂಗಳು ಜಾಸ್ತಿ ಅಂತ. ಎರಡನೇ ದಿನವೇ ಬರೆದೆ. ಐದು ಸ್ಟಾರ್. ‘ಬೇಸ್ ಸೂಪರ್, ಎಲ್ಲಾ ಡಿವೈಸ್‌ಗೂ ಇದೊಂದೇ ಸಾಕು.’ ಎಲ್ಲಾ ಡಿವೈಸ್‌ಗೂ! ಹಾಕಿ ನೋಡಿದ್ದು ಒಂದಕ್ಕೆ. ಈ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನ ಕುತ್ತಿಗೆಗೆ ಬಂತು.

ಶನಿವಾರ ರಾತ್ರಿ ನಾವು ನಾಲ್ಕು ಜನ ಗೆಳೆಯರು ಎಕ್ಸ್‌ಬಾಕ್ಸ್‌ನಲ್ಲಿ ಸೇರೋದು ರೂಢಿ. ಡಾಂಗಲ್ ತಂದು ಅದಕ್ಕೆ ಚುಚ್ಚಿದೆ. ದೀಪ ಹತ್ತಿತು. ಹೆಡ್‌ಸೆಟ್ಟಿನೊಳಗಿಂದ ಒಂದು ಹೆಣ್ಣು ದನಿ ‘ಕನೆಕ್ಟೆಡ್’ ಅಂತ ಹೇಳಿತು. ಗೇಮ್ ಸದ್ದು ಮಾತ್ರ ಟಿವಿಯಿಂದಲೇ ಬರ್ತಿದೆ. ತೆಗೆದೆ, ಚುಚ್ಚಿದೆ. ಇನ್ನೊಂದು ಪೋರ್ಟ್‌ಗೆ ಹಾಕಿದೆ. ಕನ್ಸೋಲ್ ಆರಿಸಿ ಹಚ್ಚಿದೆ. ‘ಕನೆಕ್ಟೆಡ್.’ ಏನು ಕನೆಕ್ಟೆಡ್ಡು? ಡಾಂಗಲ್‌ಗೂ ಹೆಡ್‌ಸೆಟ್‌ಗೂ ಮಾತಾಗ್ತಿತ್ತು ಅಷ್ಟೇ, ಕನ್ಸೋಲ್ ಅವೆರಡನ್ನೂ ಕ್ಯಾರೇ ಅಂತಿರಲಿಲ್ಲ.

ಹೋಗಲಿ ಬ್ಲೂಟೂತ್ ಹಾಕೋಣ ಅಂತ ಸೆಟ್ಟಿಂಗ್ಸ್ ಎಲ್ಲಾ ಜಾಲಾಡಿದೆ. ಎಲ್ಲೂ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಎಕ್ಸ್‌ಬಾಕ್ಸ್ ಕನ್ಸೋಲ್ ಬ್ಲೂಟೂತ್ ಹೆಡ್‌ಸೆಟ್ ತಗೊಳ್ಳೋದೇ ಇಲ್ಲ. ಮೈಕ್ರೋಸಾಫ್ಟ್‌ದು ಸ್ವಂತ ವೈರ್‌ಲೆಸ್ ಪದ್ಧತಿ, ವೈರಿಲ್ಲದೆ ನಡೀಬೇಕಾದ್ರೆ ಎಕ್ಸ್‌ಬಾಕ್ಸ್‌ಗೆ ಅಂತಲೇ ಲೈಸೆನ್ಸ್ ಪಡೆದು ಮಾಡಿದ ಹೆಡ್‌ಸೆಟ್ಟೋ ಡಾಂಗಲ್ಲೋ ಬೇಕು. ಪ್ಲೇಸ್ಟೇಷನ್ 5 ಕೂಡ ಬ್ಲೂಟೂತ್ ಹೆಡ್‌ಸೆಟ್ಟನ್ನ ನೇರವಾಗಿ ತಗೊಳ್ಳಲ್ಲ, ಆದ್ರೆ ಸಾಮಾನ್ಯ ಯುಎಸ್‌ಬಿ ಡಾಂಗಲ್ ಚುಚ್ಚಿದ್ರೆ ಒಪ್ಕೊಳ್ಳುತ್ತೆ. ಅದಕ್ಕೇ ಎಷ್ಟೋ ಕಂಪನಿಗಳು ಒಂದೇ ಮಾಡೆಲ್ಲನ್ನ ಎಕ್ಸ್‌ಬಾಕ್ಸ್‌ದು, ಪ್ಲೇಸ್ಟೇಷನ್‌ದು ಅಂತ ಬೇರೆ ಬೇರೆ ಮಾಡಿ ಮಾರ್ತಾರೆ. ಇದೆಲ್ಲಾ ಈಗ ಬಾಯಿಪಾಠ. ಆವತ್ತು ಗೊತ್ತಿರಲಿಲ್ಲ. ನಾಚಿಕೆ ಏನಂದ್ರೆ, ನಮ್ಮ ಗುಂಪಿನಲ್ಲಿ ಯಾರು ಏನು ತಗೊಳ್ಳೋದಿದ್ರೂ ಮೊದಲು ಕೇಳೋದು ನನ್ನನ್ನೇ.

ಪುಣ್ಯಕ್ಕೆ ಡಬ್ಬ ಎಸೆದಿರಲಿಲ್ಲ. ತಂದು ದೀಪದ ಕೆಳಗೆ ಹಿಡಿದೆ. ಎಕ್ಸ್‌ಬಾಕ್ಸ್ ಚಿತ್ರದ ಬಲಗಡೆ ಮೇಲ್ಮೂಲೆಯಲ್ಲಿ ಏನೋ ಚುಕ್ಕೆ. ಧೂಳಿರಬೇಕು ಅಂತ ಉಗುರಲ್ಲಿ ಕೆರೆದೆ, ಹೋಗಲಿಲ್ಲ. ನಕ್ಷತ್ರ ಚಿಹ್ನೆ! ಇದರ ಜೋಡಿ ಎಲ್ಲಿದೆ ಅಂತ ಡಬ್ಬ ತಿರುಗಿಸಿದೆ. ಹಿಂದೆ ಇಲ್ಲ, ಪಕ್ಕದಲ್ಲೂ ಇಲ್ಲ. ಅಡಿಯಲ್ಲಿತ್ತು, ಬಾರ್‌ಕೋಡ್ ಪಕ್ಕ, ಕಪ್ಪು ಹಿನ್ನೆಲೆ ಮೇಲೆ ಬೂದು ಬಣ್ಣದಲ್ಲಿ. ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯ್ತು: ‘3.5 ಮಿ.ಮೀ. ಕೇಬಲ್ ಮೂಲಕ’.

ಕೇಬಲ್ ಮೂಲಕ. ಮುಂದೆ ‘ವೈರ್‌ಲೆಸ್’, ಅಡಿಯಲ್ಲಿ ‘ಕೇಬಲ್ ಮೂಲಕ’. ಡಬ್ಬ ಕೈಲಿ ಹಿಡ್ಕೊಂಡು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಕೋಪ ಆಮೇಲೆ ಬಂತು. ಮೊದಲು ಬಂದದ್ದು ನನ್ನಂಥ ಪೆದ್ದ ಇನ್ನೊಬ್ಬ ಇಲ್ಲ ಅನ್ನೋ ಭಾವನೆ.

ಸರಿ, ಕೇಬಲ್ಲೇ ಹಾಕೋಣ ಅಂತ ಡಬ್ಬದಲ್ಲಿದ್ದ ಕೇಬಲ್‌ನ ಕಂಟ್ರೋಲರ್‌ಗೆ ಹಾಕಿದೆ. ಸದ್ದು ಬಂತು. ಗೆಳೆಯರ ಮಾತು ಕೇಳಿಸ್ತಿದೆ. ‘ಲೋ, ಬಂದ್ಯೇನೋ?’ ಬಂದೆ ಅಂದೆ. ‘ಲೋ, ಇದ್ದೀಯೇನೋ?’ ಇದ್ದೀನಿ ಕಣ್ರೋ! ಯಾರಿಗೂ ಕೇಳಿಸ್ತಿಲ್ಲ. ಇಪ್ಪತ್ತು ನಿಮಿಷ ಮೂಗನ ಹಾಗೆ ಅವರ ಗೇಲಿ ಕೇಳ್ತಾ ಕೂತಿದ್ದೆ. ಕೊನೆಗೆ ಕೇಬಲ್ ತುದಿ ನೋಡಿದೆ. ಪಿನ್ ಮೇಲೆ ಕಪ್ಪು ಗೆರೆ ಎರಡೇ ಇವೆ. ಮೈಕ್ ಕೂಡ ಹೋಗಬೇಕಾದ್ರೆ ಗೆರೆ ಮೂರಿರಬೇಕು, ಅಂದ್ರೆ ನಾಲ್ಕು ಸಂಪರ್ಕ: ಎಡ, ಬಲ, ಗ್ರೌಂಡ್, ಮೈಕ್. ಎರಡು ಗೆರೆ ಅಂದ್ರೆ ಬರೀ ಕೇಳೋದು. ಮಾರನೇ ದಿನ ಮೂರು ಗೆರೆಯ ಕೇಬಲ್ ಬೇರೆ ತಂದೆ, ದಂಡದ ಮೇಲೆ ದಂಡ. ಅದರಲ್ಲೂ ಮೈಕ್ ಇಲ್ಲ. ಹೆಡ್‌ಸೆಟ್ ಒಳಗಿನ ಜಾಕ್‌ನಲ್ಲೇ ಮೈಕ್‌ಗೆ ದಾರಿ ಕೊಟ್ಟಿಲ್ಲ. ಗೇಮಿಂಗ್ ಹೆಡ್‌ಸೆಟ್ಟಂತೆ, ಮೈಕ್ ಮುಖದ ಮುಂದೆ ಸೊಂಡಿಲಿನ ಹಾಗೆ ನೇತಾಡ್ತಿದೆಯಂತೆ!

ಸ್ವಿಚ್ ವಿಷಯ ಬೇಗ ಹೇಳಿ ಮುಗಿಸ್ತೀನಿ. 2021ರ ಸೆಪ್ಟೆಂಬರ್‌ನ 13.0.0 ಅಪ್‌ಡೇಟ್‌ನಿಂದ ಅದರಲ್ಲಿ ಬ್ಲೂಟೂತ್ ಆಡಿಯೋ ಬಂದಿದೆ, ಆದ್ರೆ ಬ್ಲೂಟೂತ್ ಮೈಕ್ ನಡೆಯಲ್ಲ, ಹೆಡ್‌ಸೆಟ್ ಹಾಕಿದ್ದಾಗ ವೈರ್‌ಲೆಸ್ ಕಂಟ್ರೋಲರ್ ಎರಡೇ. ಡಾಂಗಲ್ ಹಾಕೋಣ ಅಂದ್ರೆ ನನ್ನದು ಹಳೇ ಅಗಲ ಬಾಯಿಯ ಯುಎಸ್‌ಬಿ. ಸ್ವಿಚ್‌ನ ಟಿವಿಗೆ ಜೋಡಿಸೋ ಡಾಕ್‌ಗೆ ಸರಿ, ಕೈಲಿ ಹಿಡಿದು ಆಡೋವಾಗ ಕೆಳಗೊಂದು ಅಡಾಪ್ಟರ್, ಅದರ ತುದಿಗೆ ಡಾಂಗಲ್, ಒಟ್ಟು ಬಾಲ ಬಂದ ಹಾಗೆ. ಬ್ಲೂಟೂತ್‌ನಲ್ಲೇ ಆಡಿದ್ರೆ ಸದ್ದು ತಡ. ಸಾಮಾನ್ಯ ಬ್ಲೂಟೂತ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ಹಿಂದೆ ಬೀಳೋದು ಮಾಮೂಲಿ. 200 ಅಂತ ಹಿಡಿದ್ರೂ ಸೆಕೆಂಡಿಗೆ 60 ಫ್ರೇಮ್‌ನ ಆಟದಲ್ಲಿ 12 ಫ್ರೇಮ್ ಆಯ್ತು. ಪಾತ್ರ ನೆಗೆದು ನೆಲಕ್ಕೆ ಬಂದ ಮೇಲೆ ನೆಗೆದ ಸದ್ದು ಬರುತ್ತೆ.

ಇನ್ನು ಆ ನಗೋ ಹುಡುಗನ ಫೋನು. ಲ್ಯಾಪ್‌ಟಾಪ್‌ನಲ್ಲಿ ಡಾಂಗಲ್ ಹಾಕಿ ಆಡ್ತಿದ್ದಾಗ ಅಮ್ಮ ಮೂರು ಸಲ ಫೋನ್ ಮಾಡಿದ್ರು, ನನಗೆ ಗೊತ್ತೇ ಆಗಲಿಲ್ಲ. ಯಾಕಂದ್ರೆ ಈ ಹೆಡ್‌ಸೆಟ್‌ನಲ್ಲಿ ಡಾಂಗಲ್ ನಡೀತಿದ್ರೆ ಬ್ಲೂಟೂತ್ ಪೂರ್ತಿ ಬಂದ್. ಬಟನ್ ಎರಡು ಸೆಕೆಂಡ್ ಒತ್ತಿ ಹಿಡಿದು ಬ್ಲೂಟೂತ್‌ಗೆ ಬದಲಾಯಿಸಬೇಕು, ಅದು ಫೋನ್ ಹುಡುಕಿ ‘ಕನೆಕ್ಟೆಡ್’ ಅನ್ನೋ ಹೊತ್ತಿಗೆ ಕರೆ ಕಟ್ಟಾಗಿರುತ್ತೆ, ಗೇಮ್ ಸದ್ದೂ ಹೋಗಿರುತ್ತೆ. ಹಾಗಾದ್ರೆ ಮಲ್ಟಿಪಾಯಿಂಟ್ ಅಂದ್ರೆ? ಎರಡು ಬ್ಲೂಟೂತ್ ಸಾಧನಕ್ಕೆ ಒಟ್ಟಿಗೆ ಅಂಟಿಕೊಂಡಿರೋದು. ಎರಡೂ ಬ್ಲೂಟೂತ್! ಡಾಂಗಲ್‌ಗೂ ಅದಕ್ಕೂ ಸಂಬಂಧವಿಲ್ಲ. ಡಾಂಗಲ್ ಸದ್ದು, ಬ್ಲೂಟೂತ್ ಸದ್ದು ಎರಡನ್ನೂ ಬೆರೆಸಿ ಒಟ್ಟಿಗೆ ಕೇಳಿಸೋ ಹೆಡ್‌ಸೆಟ್‌ಗಳು ಇವೆ, ಅದು ಬೇರೆಯೇ ಸೌಲಭ್ಯ. ನಾನು ಎರಡೂ ಒಂದೇ ಅಂದ್ಕೊಂಡೆ. ಫೋಟೋ ತೆಗೆದೋರಿಗೂ ನಾವು ಹಾಗೇ ಅಂದ್ಕೊಳ್ಳೋದೇ ಬೇಕಿತ್ತು.

ಸೋಮವಾರ ಮೀಟಿಂಗ್. ಡಾಂಗಲ್ ಟಿವಿ ಹತ್ತಿರವೇ ಬಿಟ್ಟಿದ್ದೆ, ಬ್ಲೂಟೂತ್‌ನಲ್ಲಿ ಸೇರ್ಕೊಂಡೆ. ಮೈಕ್ ಆನ್ ಆದ ಕ್ಷಣ ಎಲ್ಲರ ದನಿಯೂ ಹಳೇ ರೇಡಿಯೋ ಆಯ್ತು. ನನ್ನದಂತೂ ಕೇಳೋದೇ ಬೇಡ, ಸಹೋದ್ಯೋಗಿಯೊಬ್ಬರು ‘ಬಾವಿಯೊಳಗಿಂದ ಮಾತಾಡ್ತಿದ್ದೀರಾ?’ ಅಂದ್ರು, ಎಲ್ಲರೂ ನಕ್ಕರು. ಇದು ಈ ಹೆಡ್‌ಸೆಟ್ ಒಂದರ ದೋಷವಲ್ಲ, ಆ ಮಟ್ಟಿಗೆ ನ್ಯಾಯವಾಗಿ ಹೇಳಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಒಳ್ಳೇ ಸ್ಟೀರಿಯೊ ಸದ್ದು ಒಂದೇ ದಿಕ್ಕಿಗೆ ಹರಿಯುತ್ತೆ. ಮೈಕ್ ಬೇಕು ಅಂದ ತಕ್ಷಣ ಹ್ಯಾಂಡ್ಸ್-ಫ್ರೀ ವಿಧಾನಕ್ಕೆ ಇಳಿಯುತ್ತೆ, ಅದು ಮೊನೊ (ಎರಡೂ ಕಿವಿಗೆ ಒಂದೇ ಸದ್ದು), ಸ್ಯಾಂಪ್ಲಿಂಗ್ ವೇಗ, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆಯುತ್ತೆ ಅನ್ನೋದು, 8 ಅಥವಾ 16 ಕಿಲೋಹರ್ಟ್ಸ್. ಸಿಡಿಯದು 44.1. ಹೋಲಿಸಿ ನೋಡ್ಕೊಳ್ಳಿ.

ಇನ್ನೊಂದು ವಿಷಯದಲ್ಲೂ ಅವರನ್ನ ಬೈಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಆಗಾಗ ಚಟಚಟ ಸದ್ದು ಬರ್ತಿತ್ತು. ಡಾಂಗಲ್ ಪಕ್ಕದ ಪೋರ್ಟ್‌ನಲ್ಲೇ ಹಾರ್ಡ್ ಡಿಸ್ಕ್ ಹಾಕಿದ್ದೆ. ಯುಎಸ್‌ಬಿ 3.0 ಸಾಧನಗಳ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೆ ಅಡ್ಡಬರುತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟೆ, ನಿಂತುಹೋಯ್ತು.

ಈಗ ಬೈಯೋ ಭಾಗ. ಮಾರಿದವರ ಸಪೋರ್ಟ್ ಚಾಟ್. ಹೆಸರು ಹಾಕಲ್ಲ, ಇಂಥೋರು ಒಬ್ಬರೇ ಏನಲ್ಲ.

ಮೊದಲ ಉತ್ತರ: ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಸರ್, ಹೆಡ್‌ಸೆಟ್ ರೀಸೆಟ್ ಮಾಡಿ ನೋಡಿ.’ ಮಾಡಿದೆ. ‘ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಸರ್.’ ಅದನ್ನೂ ಮಾಡಿದೆ, ನಲವತ್ತು ನಿಮಿಷ ತಗೊಳ್ತು. ಆಮೇಲೆ ನಡೆದ ಮಾತುಕತೆ ಚಾಟ್‌ನಲ್ಲಿ ಇದ್ದ ಹಾಗೇ ಹಾಕ್ತೀನಿ.

‘ಸರ್, ಈ ಮಾಡೆಲ್ ಎಕ್ಸ್‌ಬಾಕ್ಸ್‌ಗೆ ಸಪೋರ್ಟ್ ಆಗುತ್ತೆ.’
ವೈರ್‌ಲೆಸ್ ಆಗಿನಾ?
‘ಸಪೋರ್ಟ್ ಆಗುತ್ತೆ ಸರ್.’
ವೈರ್ ಇಲ್ಲದೆ ಆಗುತ್ತಾ ಅಂತ ಕೇಳ್ತಿದ್ದೀನಿ.
‘ಕೇಬಲ್‌ನಲ್ಲಿ ಆಗುತ್ತೆ ಸರ್.’
ಕೇಬಲ್‌ನಲ್ಲಿ ಮೈಕ್ ನಡೆಯುತ್ತಾ?
‘ಕೇಬಲ್‌ನಲ್ಲಿ ಆಡಿಯೋ ಆಗುತ್ತೆ ಸರ್.’
ನಾನು ಮಾತಾಡೋದು ಆಡಿಯೋ ಅಲ್ವಾ?
‘ನಿಮ್ಮ ಪ್ರಶ್ನೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ ಸರ್.’

ಮಲ್ಟಿಪಾಯಿಂಟ್ ಬಗ್ಗೆ ಕೇಳಿದ್ದಕ್ಕೆ ಇನ್ನೂ ಚೆಂದದ ಉತ್ತರ: ‘ಎರಡು ಡಿವೈಸ್‌ಗೆ ಕನೆಕ್ಟ್ ಆಗುತ್ತೆ ಅಂತ ಹೇಳಿದ್ದೇವೆ ಸರ್, ಗೇಮ್ ಆಡುವಾಗ ಕರೆ ಬರುತ್ತೆ ಅಂತ ಎಲ್ಲೂ ಹೇಳಿಲ್ಲ.’ ಹೌದು, ಹೇಳಿಲ್ಲ. ಫೋಟೋ ಹಾಕಿದ್ದೀರಿ. ಫೋಟೋಗೆ ಬಾಯಿಲ್ಲ ನೋಡಿ.

ಮೂರು ದಿನ ಬಿಟ್ಟು ಸಂಬಂಧಪಟ್ಟ ವಿಭಾಗದ ಮೇಲ್ ಬಂತು. ಸರ್ ಗಿರ್ ಏನೂ ಇಲ್ಲ, ಗ್ರಾಂಥಿಕ ಭಾಷೆ. ‘ಉತ್ಪನ್ನದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಇಯರ್ ಕುಶನ್ ಸೀಲ್ ತೆರೆದಿರುವುದರಿಂದ ಸ್ವಚ್ಛತೆಯ ದೃಷ್ಟಿಯಿಂದ ಹಿಂಪಡೆಯಲು ಸಾಧ್ಯವಿಲ್ಲ.’ ಸೀಲ್ ತೆರೀದೆ ಕಿವಿಗೆ ಹಾಕ್ಕೊಂಡು ಪರೀಕ್ಷೆ ಮಾಡೋದು ಹೇಗೆ ಅಂತ ಯಾರಾದ್ರೂ ಗೊತ್ತಿದ್ರೆ ಹೇಳಿ. ಅದರ ಕೆಳಗೆ ಇನ್ನೊಂದು ಸಾಲು: ‘ಅಲ್ಲದೆ, ಸದರಿ ಉತ್ಪನ್ನವು ಎಲ್ಲಾ ಡಿವೈಸ್‌ಗೂ ಸಾಕಾಗುತ್ತದೆಂದು ತಾವೇ ಬರೆದಿರುತ್ತೀರಿ.’ ಜತೆಗೊಂದು ಸ್ಕ್ರೀನ್‌ಶಾಟ್. ನನ್ನ ಹೆಸರು, ಐದು ಹಳದಿ ನಕ್ಷತ್ರ, ‘ಬೇಸ್ ಸೂಪರ್’.

ಅದನ್ನ ಎಷ್ಟು ಸಲ ಓದಿದೆನೋ. ಕಿವಿ ಬಿಸಿಯಾಯ್ತು. ಡಬ್ಬದ ಅಡಿಯ ಬೂದು ಅಕ್ಷರಕ್ಕಿಂತ ಇದು ಜಾಸ್ತಿ ಚುಚ್ಚಿತು, ಯಾಕಂದ್ರೆ ಇದಕ್ಕೆ ಎದುರು ಮಾತಾಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಆರು ತಿಂಗಳ ವಾರಂಟಿಗೆ ನಾಲಿಗೆ ಮಾರ್ಕೊಂಡಿದ್ದೆ.

ನಿಮಗೆ ಹೇಳೋದಿಷ್ಟು. ‘ಸಪೋರ್ಟ್ ಆಗುತ್ತಾ’ ಅಂತ ಕೇಳಲೇಬೇಡಿ, ಆ ಪದಕ್ಕೆ ಅವರ ಬಾಯಲ್ಲಿ ಅರ್ಥವೇ ಇಲ್ಲ. ‘ನನ್ನ ಈ ಕನ್ಸೋಲ್‌ಗೆ, ವೈರ್ ಇಲ್ಲದೆ, ಮೈಕ್ ಸಮೇತ ನಡೆಯುತ್ತಾ’ ಅಂತ ಕೇಳಿ, ಉತ್ತರ ಬರಹದಲ್ಲಿ ಇಟ್ಕೊಳ್ಳಿ. ಡಾಂಗಲ್ಲೂ ಬ್ಲೂಟೂತೂ ಒಟ್ಟಿಗೆ ಕೇಳಿಸುತ್ತಾ ಅಂತ ಬೇರೆಯಾಗಿ ಕೇಳಿ. ಎಕ್ಸ್‌ಬಾಕ್ಸ್ ಇದ್ದೋರು ಎಕ್ಸ್‌ಬಾಕ್ಸ್ ಆವೃತ್ತಿಯನ್ನೇ ನೋಡಿ. ಅಂಥವು ಬಹಳಷ್ಟು ಪಿಸಿಗೂ ನಡೀತವೆ, ಪ್ಲೇಸ್ಟೇಷನ್‌ಗೆ ಅಂತ ಮಾಡಿದ್ದು ಎಕ್ಸ್‌ಬಾಕ್ಸ್‌ಗೆ ವೈರ್‌ಲೆಸ್ ಆಗಿ ನಡೆಯಲ್ಲ. ಬಂದ ದಿನವೇ ಇರೋ ಸಾಧನಕ್ಕೆಲ್ಲಾ ಹಾಕಿ, ಎದುರಿಗೆ ಒಬ್ಬರನ್ನ ಕೂರಿಸಿ ಮಾತಾಡಿ ನೋಡಿ. ಕಾರ್ಡ್ ಹರಿದು ಬಿಸಾಕಿ.

ರಿವ್ಯೂ ತಿದ್ದಿ ಒಂದು ಸ್ಟಾರ್ ಕೊಟ್ಟು ಕಳಿಸಿದ್ದೆ, ‘ಪರಿಶೀಲನೆಯಲ್ಲಿದೆ’ ಅಂತ ಮೂರು ವಾರದಿಂದ ಹಾಗೇ ನಿಂತಿದೆ. ಅಲ್ಲಿವರೆಗೂ ಹಳೇದೇ ಎಲ್ಲರಿಗೂ ಕಾಣ್ತಿರುತ್ತೆ. ಹುಡುಕ್ತಾ ಹೋದಾಗ ಯಾವನೋ ‘ಬೇಸ್ ಸೂಪರ್, ಎಲ್ಲಾ ಡಿವೈಸ್‌ಗೂ ಇದೊಂದೇ ಸಾಕು’ ಅಂತ ಬರೆದದ್ದು ಕಣ್ಣಿಗೆ ಬಿದ್ರೆ ನಂಬಬೇಡಿ, ಆ ಯಾವನೋ ನಾನೇ.